ಅಪ್‌ಡೇಟ್: ನಾಸಾದ ಫೈಬರ್ ಸೆನ್ಸರ್ ಲೈಸೆನ್ಸ್ ಕೊನೆಗೂ ಸಿಕ್ಕಿತು

ನಾಸಾದ ಆರ್ಮ್‌ಸ್ಟ್ರಾಂಗ್ ಕೇಂದ್ರದಲ್ಲಿ ವಿಮಾನದ ರೆಕ್ಕೆ ಎಷ್ಟು ಬಾಗುತ್ತದೆ ಎಂಬುದನ್ನು ಅಳೆಯಲು ರೂಪಿಸಿದ ಆಪ್ಟಿಕಲ್ ಫೈಬರ್ ತಂತ್ರಜ್ಞಾನವನ್ನು ಸೇತುವೆಗಳಿಗೆ ಬಳಸಿ, ಇಲ್ಲಿ ಟೆಕ್ಸಾಸ್‌ನಲ್ಲಿ ಸಣ್ಣ ಉದ್ಯಮ ಆರಂಭಿಸುವುದು ಹೇಗೆಂದು ನಾಲ್ಕು ತಿಂಗಳ ಹಿಂದೆ ಈ ವೇದಿಕೆಯಲ್ಲಿ ಕೇಳಿದ್ದೆ. ಕಳೆದ ವಾರ ಒಪ್ಪಂದಕ್ಕೆ ಸಹಿ ಬಿತ್ತು.

ಫಲ ಕೊಟ್ಟದ್ದು ಹೊಸ ಕಂಪನಿಗಳಿಗೆ ನಾಸಾದ ಪೇಟೆಂಟ್ ಬಳಸಲು ಲೈಸೆನ್ಸ್ ಕೊಡುವ, 2015ರಲ್ಲಿ ಆರಂಭವಾದ ಸ್ಟಾರ್ಟಪ್ ನಾಸಾ ಯೋಜನೆಗೆ ಅರ್ಜಿ ಹಾಕಿ ಎಂಬ ಸಲಹೆ. ಆರಂಭಿಕ ಶುಲ್ಕವಿಲ್ಲ, ಮೊದಲ ಮೂರು ವರ್ಷ ಕನಿಷ್ಠ ಶುಲ್ಕವೂ ಇಲ್ಲ. ಸರಕು ಮಾರಾಟವಾಗತೊಡಗಿದ ಮೇಲೆ ಮಾತ್ರ ರಾಯಲ್ಟಿ ಕೊಡಬೇಕು. ಆದರೆ ಆ ತಂತ್ರಜ್ಞಾನಕ್ಕಾಗಿಯೇ ಹುಟ್ಟಿದ ಕಂಪನಿಗಷ್ಟೇ ಈ ಸೌಲಭ್ಯವಿರುವುದರಿಂದ ನನ್ನ ಹಳೆಯ ಕನ್ಸಲ್ಟಿಂಗ್ ಸಂಸ್ಥೆ ಕೆಲಸಕ್ಕೆ ಬರಲಿಲ್ಲ, ಹೊಸದನ್ನು ನೋಂದಾಯಿಸಬೇಕಾಯಿತು. ಏಕಸ್ವಾಮ್ಯ ಕೇಳಿ ಎಂದವರ ಸಲಹೆಯೂ ಫಲಿಸಲಿಲ್ಲ. ಇದೇ ಪೇಟೆಂಟ್ ನಾಳೆ ಇನ್ನೊಬ್ಬರಿಗೂ ಸಿಗಬಹುದು.

ಪೇಟೆಂಟ್ ಓದಿದರೆ ಸಾಕೆಂದುಕೊಂಡಿದ್ದು ನನ್ನ ದಡ್ಡತನ. ಕೂದಲೆಳೆಯಂಥ ಫೈಬರನ್ನು ಅಲ್ಯೂಮಿನಿಯಂ ಪಟ್ಟಿಗೆ ಅಂಟಿಸಿ ಮೇಜಿನ ಮೇಲಿಟ್ಟಿದ್ದೆ. ಯಾರೂ ಮುಟ್ಟದಿದ್ದರೂ ಬೆಳಗ್ಗೆ ಒಂಬತ್ತರ ಹೊತ್ತಿಗೆ ಪರದೆಯಲ್ಲಿ ಹಿಗ್ಗುವಿಕೆ ತೋರಿಸುವ ಗೆರೆ ಮೇಲೇರುತ್ತಿತ್ತು. ಕಿಟಕಿಯ ಬಿಸಿಲು ಪಟ್ಟಿಯ ಮೇಲೆ ಬೀಳುತ್ತಿತ್ತು, ಅಷ್ಟೇ. 1550 ನ್ಯಾನೋಮೀಟರ್ ತರಂಗಾಂತರದ ಸುತ್ತ, ಫೈಬರ್ ಒಂದು ಮೈಕ್ರೋಸ್ಟ್ರೇನ್ (ಉದ್ದದ ಹತ್ತು ಲಕ್ಷದಲ್ಲೊಂದು ಪಾಲು) ಹಿಗ್ಗಿದರೆ ಅದು ಹಿಂದಿರುಗಿಸುವ ಬೆಳಕಿನ ತರಂಗಾಂತರ ಸುಮಾರು 1.2 ಪಿಕೋಮೀಟರ್ ಸರಿಯುತ್ತದೆ, ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಸುಮಾರು 10. ಹೀಗಾಗಿ ಅಂಟಿಸದ ಇನ್ನೊಂದು ಎಳೆಯನ್ನು ಪಕ್ಕದಲ್ಲಿ ಸಡಿಲವಾಗಿ ಬಿಟ್ಟು, ಅದರ ಅಳತೆಯ ನೆರವಿನಿಂದ ತಾಪಮಾನದ ಪ್ರಭಾವವನ್ನು ಲೆಕ್ಕದಲ್ಲಿ ಕಳೆಯುತ್ತಿದ್ದೇನೆ. ಈ ಉಪಾಯವನ್ನು ಹೇಳಿದವರು ಇಲ್ಲಿಯೇ ಉತ್ತರಿಸಿದ್ದ ನಿವೃತ್ತ ಇಂಜಿನಿಯರರೊಬ್ಬರು, ಅವರಿಗೆ ನಮಸ್ಕಾರ.