‘ಅಮ್ಮಾ, ಇದು ನನ್ನ ಹೊಸ ನಂಬರ್’: ಮನೆಯವರ ಹೆಸರಲ್ಲಿ ದುಡ್ಡು ಕೇಳುವ ಮೋಸ – ಪ್ರಶ್ನೋತ್ತರ

ನಾನು ಬ್ಯಾಂಕಿನಲ್ಲಿ 31 ವರ್ಷ ಕೆಲಸ ಮಾಡಿ ನಿವೃತ್ತನಾದವನು. ಕೊನೆಯ 6 ವರ್ಷ ವಂಚನೆ ದೂರುಗಳ ವಿಭಾಗದಲ್ಲಿದ್ದೆ. ಮಗ, ಅಣ್ಣ, ಮಾವ, ಅಪ್ಪನ ಸ್ನೇಹಿತ ಅಂತ ಹೇಳಿಕೊಂಡು ‘ಅರ್ಜೆಂಟ್ ದುಡ್ಡು ಬೇಕು’ ಎನ್ನುವವರ ಬಗ್ಗೆ ಏನೇ ಇದ್ದರೂ ಕೇಳಿ. ಗೊತ್ತಿರುವಷ್ಟು ಹೇಳುತ್ತೇನೆ.

ಪ್ರಶ್ನೆ (ದಾವಣಗೆರೆ): ನಿನ್ನೆ ರಾತ್ರಿ 8.40ಕ್ಕೆ ಅಮ್ಮನಿಗೆ ವಾಟ್ಸಾಪ್ ಮೆಸೇಜ್ ಬಂದಿದೆ. ‘ಅಮ್ಮಾ, ನನ್ನ ಫೋನ್ ನೀರಿಗೆ ಬಿತ್ತು, ಇದು ಹೊಸ ನಂಬರ್. ಫ್ರೆಂಡ್‌ಗೆ ಆಕ್ಸಿಡೆಂಟ್ ಆಗಿದೆ, ಆಸ್ಪತ್ರೆಯಲ್ಲಿದ್ದೇನೆ, 45 ಸಾವಿರ ಕಟ್ಟಬೇಕು.’ ಡಿಪಿಯಲ್ಲಿ ನನ್ನ ತಮ್ಮನ ಫೋಟೋ. ಅವನು ಬೆಂಗಳೂರಿನಲ್ಲಿದ್ದಾನೆ. ಅಮ್ಮ 25 ಸಾವಿರ, ಆಮೇಲೆ 20 ಸಾವಿರ ಕಳಿಸಿದ್ದಾರೆ. ಮೋಸ ಅಂತ ಈಗ ಬೆಳಗ್ಗೆ 7ಕ್ಕೆ ಗೊತ್ತಾಯಿತು. ಬ್ಯಾಂಕ್ ತೆರೆಯುವವರೆಗೆ ಕಾಯಬೇಕಾ?

ಉತ್ತರ: ಕಾಯಬೇಡಿ. ಇದನ್ನು ಓದುವುದನ್ನೂ ಬಿಟ್ಟು ಮೊದಲು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ದಿನದ 24 ಗಂಟೆಯೂ ಇರುತ್ತದೆ. ಕನ್ನಡದಲ್ಲೇ ಮಾತಾಡಬಹುದು. ಲೈನ್ ಸಿಗದಿದ್ದರೆ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ ದೂರು ಹಾಕಿ.

ಫೋನ್ ಮಾಡುವಾಗ ಎರಡೂ ಪಾವತಿಯ ವಿವರ ಕಣ್ಣೆದುರು ಇರಲಿ. ಯುಪಿಐ ಆ್ಯಪ್‌ನಲ್ಲಿ ಆ ಪಾವತಿ ಒತ್ತಿದರೆ 12 ಅಂಕಿಯ ಒಂದು ನಂಬರ್ ಕಾಣುತ್ತದೆ. ಅದೇ ಮುಖ್ಯ. ಅಮ್ಮನ ಬ್ಯಾಂಕ್ ಯಾವುದು, ಎಷ್ಟು ಹಣ, ಎಷ್ಟು ಗಂಟೆಗೆ, ಯಾವ ಯುಪಿಐ ಐಡಿಗೆ ಹೋಯಿತು, ಇಷ್ಟು ಕೇಳುತ್ತಾರೆ. ಅದು ಸಿಕ್ಕ ತಕ್ಷಣ ಹಣ ಹೋದ ಬ್ಯಾಂಕಿಗೆ ಸುದ್ದಿ ಹೋಗುತ್ತದೆ. ಖಾತೆಯಲ್ಲಿ ಹಣ ಇನ್ನೂ ಇದ್ದರೆ ಅಲ್ಲೇ ತಡೆಯುತ್ತಾರೆ. ಬೇರೆ ಖಾತೆಗೆ ದಾಟಿದ್ದರೆ ಆ ಬ್ಯಾಂಕಿಗೆ ಸುದ್ದಿ ಹೋಗುತ್ತದೆ. ಅಲ್ಲಿಂದಲೂ ದಾಟಿದ್ದರೆ ಮುಂದಿನದಕ್ಕೆ. ಕಳ್ಳರು ನಿಮಿಷಗಳಲ್ಲಿ ನಾಲ್ಕೈದು ಖಾತೆಗೆ ಹಂಚಿ ಎಟಿಎಂನಿಂದ ತೆಗೆಯುತ್ತಾರೆ. ರಾತ್ರಿ ಕಳೆದಿದೆ, ನಿಜ. ಆದರೂ ಎಲ್ಲಾ ಹೋಯಿತು ಅಂತ ಕೈಚೆಲ್ಲಬೇಡಿ. ಒಂದು ಭಾಗ ಎಲ್ಲೋ ಒಂದು ಖಾತೆಯಲ್ಲಿ ಉಳಿದಿದ್ದ ದೂರುಗಳನ್ನು ನಾನೇ ನೋಡಿದ್ದೇನೆ.

ಆಮೇಲೆ ಅಮ್ಮನ ಬ್ಯಾಂಕಿನ ಸಹಾಯವಾಣಿಗೂ ತಿಳಿಸಿ. ಆ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ. ಅಲ್ಲೂ ನಕಲಿ ನಂಬರ್‌ಗಳಿವೆ. ಡೆಬಿಟ್ ಕಾರ್ಡಿನ ಹಿಂದೆ ಇರುವುದಕ್ಕೇ ಮಾಡಿ. ಆ ವಾಟ್ಸಾಪ್ ಚಾಟ್ ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಡಿ.

ಮತ್ತೆ ಒಂದು ಮಾತು. ಅಮ್ಮನನ್ನು ಈಗ ಬೈಯಬೇಡಿ. ಅವರಿಂದಲೇ ಸಮಯ, ವಿವರ ಎಲ್ಲಾ ಸಿಗಬೇಕು.

ಪ್ರಶ್ನೆ (ಹುಬ್ಬಳ್ಳಿ): ನಮ್ಮ ಮನೆಗೂ ಇದೇ ತರ ಬಂದಿತ್ತು. ಆದರೆ ಮೆಸೇಜಲ್ಲಿ ‘ಅಮ್ಮಾ, ನೀವು ಹೇಗಿದ್ದೀರಾ’ ಅಂತ ಇತ್ತು. ನನ್ನ ಮಗ ನನಗೆ ಹುಟ್ಟಿದಾಗಿನಿಂದ ‘ಅವ್ವ’ ಅಂತಾನೆ, ‘ನೀನು’ ಅಂತಾನೆ. ಅಲ್ಲೇ ಗೊತ್ತಾಗಿ ಬಿಟ್ಟುಬಿಟ್ಟೆ. ಇದು ಯಾವಾಗಲೂ ಕೆಲಸ ಮಾಡುತ್ತದಾ?

ಉತ್ತರ: ಒಳ್ಳೆಯ ಕೆಲಸ ಮಾಡಿದಿರಿ. ಮನೆಮಾತಿಗಿಂತ ದೊಡ್ಡ ಗುರುತು ಇಲ್ಲ. ಒಂದೇ ಊರಿನ ಎರಡು ಮನೆಯಲ್ಲೂ ಮಕ್ಕಳು ತಾಯಿಯನ್ನು ಒಂದೇ ತರ ಕರೆಯುವುದಿಲ್ಲ, ಅಲ್ವಾ? ದೂರದಲ್ಲಿ ಕೂತು ಮೆಷಿನ್‌ನಲ್ಲಿ ಕನ್ನಡ ಮಾಡಿಸುವವನಿಗೆ ಅದು ಗೊತ್ತಿರುವುದಿಲ್ಲ. ಅವನ ಕನ್ನಡ ಯಾವಾಗಲೂ ಒಂದು ತೂಕ ಜಾಸ್ತಿ ಮರ್ಯಾದೆಯಲ್ಲಿರುತ್ತದೆ.

ಆದರೆ ಇದೊಂದನ್ನೇ ನೆಚ್ಚಬೇಡಿ. ಮಗನ ವಾಟ್ಸಾಪನ್ನೇ ಕಳ್ಳ ಹಿಡಿದಿದ್ದರೆ ಕಥೆ ಬೇರೆ. ಎಸ್‌ಎಂಎಸ್‌ನಲ್ಲಿ ಬರುವ 6 ಅಂಕಿಯ ಕೋಡ್ ಕದ್ದು ಬೇರೆ ಫೋನಿನಲ್ಲಿ ವಾಟ್ಸಾಪ್ ತೆರೆದರೆ ಹಳೆಯ ಮಾತುಗಳು ಅದರ ಜೊತೆ ಬರುವುದಿಲ್ಲ. ಕ್ಯೂಆರ್ ಸ್ಕ್ಯಾನ್ ಮಾಡಿಸಿ ‘ಲಿಂಕ್ಡ್ ಡಿವೈಸ್’ ಆಗಿ ಸೇರಿಕೊಂಡರೆ ಹಳೆಯ ಚಾಟ್ ಕೂಡ ಕಾಣುತ್ತದೆ. ಆಗ ‘ಅವ್ವ’ ಅನ್ನುವುದನ್ನೂ ಅವನು ಓದಿ ಕಲಿತಿರುತ್ತಾನೆ.

ಹಾಗಾಗಿ ನಾನು ನಂಬುವುದು ಒಂದೇ. ದುಡ್ಡಿನ ಮಾತು ಬಂದ ತಕ್ಷಣ ಆ ಚಾಟ್ ಬಿಟ್ಟು ಹೊರಗೆ ಬನ್ನಿ. ಮೊದಲಿಂದ ನಿಮ್ಮ ಹತ್ತಿರ ಇರುವ ಹಳೆಯ ನಂಬರಿಗೆ ಮಾಮೂಲಿ ಫೋನ್ ಕಾಲ್ ಮಾಡಿ. ಸಿಗದಿದ್ದರೆ ರೂಮ್‌ಮೇಟ್, ಸೊಸೆ, ಮನೆ ಓನರ್, ಯಾರಾದರೂ ಒಬ್ಬರಿಗೆ. ಹತ್ತು ನಿಮಿಷ ತಡವಾದರೆ ಯಾವ ಆಸ್ಪತ್ರೆಯಲ್ಲೂ ಏನೂ ಕೆಡುವುದಿಲ್ಲ.

ಪ್ರಶ್ನೆ (ಹುಬ್ಬಳ್ಳಿ, ಮುಂದುವರಿಕೆ): ಹಣ ಕಳಿಸುವಾಗ ಆ್ಯಪ್‌ನಲ್ಲಿ ಹೆಸರು ಬರುತ್ತದಲ್ಲ, ಅದು ನಂಬಬಹುದಾ?

ಉತ್ತರ: ಅದನ್ನು ತಪ್ಪದೆ ಓದಿ. ಈಗ ಯುಪಿಐಯಲ್ಲಿ ಪಿನ್ ಹಾಕುವ ಮೊದಲು ಬ್ಯಾಂಕಿನಲ್ಲಿ ನೋಂದಾಯಿಸಿದ ಹೆಸರೇ ಕಾಣಬೇಕು ಅಂತ 2025ರಲ್ಲಿ ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ ನಿಯಮ ಮಾಡಿದೆ. ಮಗನ ಹೆಸರಿನ ಬದಲು ಯಾವುದೋ ಗೊತ್ತಿಲ್ಲದ ಹೆಸರು ಬಂದರೆ ನಿಲ್ಲಿಸಿ. ಕೇಳಿದರೆ ‘ಅದು ಆಸ್ಪತ್ರೆ ಕ್ಯಾಷಿಯರ್‌ದು’ ಅನ್ನುತ್ತಾರೆ. ಆಸ್ಪತ್ರೆಗೆ ದುಡ್ಡು ಕಟ್ಟಬೇಕಾದರೆ ಆಸ್ಪತ್ರೆಯ ಖಾತೆಗೇ ಕಟ್ಟುತ್ತೇನೆ, ಹೆಸರು ಹೇಳು ಅನ್ನಿ. ಅಲ್ಲಿಗೆ ಮಾತು ಮುಗಿಯುತ್ತದೆ.

ಪ್ರಶ್ನೆ (ಶಿವಮೊಗ್ಗ): ‘ನಾನು ನಿಮ್ಮ ಅಪ್ಪನ ಫ್ರೆಂಡ್, ಅವರಿಗೆ 5 ಸಾವಿರ ಕೊಡಬೇಕಿತ್ತು, ಅವರಿಗೆ ಗೂಗಲ್ ಪೇ ಇಲ್ಲ ಅಂದರು, ನಿಮಗೆ ಹಾಕುತ್ತೇನೆ’ ಅಂತ ಫೋನ್ ಬಂತು. ಮರುಕ್ಷಣ 50 ಸಾವಿರ ಜಮಾ ಆಗಿದೆ ಅಂತ ಮೆಸೇಜ್. ‘ಅಯ್ಯೋ ಒಂದು ಸೊನ್ನೆ ಜಾಸ್ತಿ ಒತ್ತಿಬಿಟ್ಟೆ ಪುಟ್ಟಾ, 45 ವಾಪಸ್ ಹಾಕು, ಹೆಂಡತಿ ಐಸಿಯುನಲ್ಲಿದ್ದಾಳೆ’ ಅಂದರು. ನಾನು ಹಾಕಿಬಿಡುತ್ತಿದ್ದೆ, ಅಷ್ಟರಲ್ಲಿ ಚಾರ್ಜ್ ಮುಗಿದು ಫೋನ್ ಆಫ್ ಆಯಿತು. ಆ 50 ಸಾವಿರ ಈಗ ಏನು ಮಾಡಲಿ?

ಉತ್ತರ: ನಿಮ್ಮ ಖಾತೆ ತೆರೆದು ನೋಡಿ. 50 ಸಾವಿರ ಬಂದೇ ಇರುವುದಿಲ್ಲ ಅಂತ ನನ್ನ ಅಂದಾಜು. ಆ ಮೆಸೇಜ್ ಬ್ಯಾಂಕಿನಿಂದ ಬಂದದ್ದಾ ಅಥವಾ 10 ಅಂಕಿಯ ಮಾಮೂಲಿ ಮೊಬೈಲ್ ನಂಬರಿನಿಂದ ಬಂದದ್ದಾ, ಅದನ್ನೂ ನೋಡಿ. ಅಕ್ಷರ, ಬ್ಯಾಂಕಿನ ಹೆಸರು ಎಲ್ಲಾ ಒಂದೇ ತರ ಟೈಪ್ ಮಾಡಿ ಕಳಿಸಿರುತ್ತಾರೆ. ಫೋನಿನಲ್ಲಿ ಮಾತಾಡುತ್ತಲೇ ಇರುವುದರಿಂದ ಯಾರೂ ಬ್ಯಾಲೆನ್ಸ್ ನೋಡಲು ಹೋಗುವುದಿಲ್ಲ. ಮಾತು ನಿಲ್ಲಿಸದೇ ಇರುವುದೇ ಅವರ ಕಸುಬು.

ಹಣ ನಿಜವಾಗಿಯೂ ಬಂದಿದ್ದರೆ? ಆಗಲೂ ನೀವು ಕೈಯಾರೆ ವಾಪಸ್ ಕಳಿಸಬೇಡಿ. ಅದು ಇನ್ಯಾರಿಗೋ ಮೋಸ ಮಾಡಿ ತಂದ ಹಣ ಇರಬಹುದು. ನಿಮ್ಮ ಖಾತೆಯನ್ನು ಸುಮ್ನೆ ದಾರಿಯಾಗಿ ಬಳಸಿಕೊಂಡರೆ ನಾಳೆ ಪೊಲೀಸರ ಪತ್ರ ಬಂದು ಖಾತೆ ನಿಲ್ಲುವುದು ನಿಮ್ಮದೇ. ಬ್ಯಾಂಕಿಗೆ ಬರಹದಲ್ಲಿ ತಿಳಿಸಿ. ಅವರೇ ಸರಿಯಾದ ದಾರಿಯಲ್ಲಿ ಹಿಂದಿರುಗಿಸುತ್ತಾರೆ. ‘ಹಣ ಬರಬೇಕಾದರೆ ಪಿನ್ ಹಾಕಿ’ ಅಂದರೆ ಅಲ್ಲೇ ಫೋನ್ ಇಡಿ. ಹಣ ಪಡೆಯಲು ಯುಪಿಐಯಲ್ಲಿ ಪಿನ್ ಬೇಕಾಗಿಯೇ ಇಲ್ಲ.

ಪ್ರಶ್ನೆ (ಅಮೆರಿಕದ ಡಲ್ಲಾಸ್‌ನಿಂದ): ಅಪ್ಪ ಅಮ್ಮ ಮೈಸೂರಿನಲ್ಲಿ ಇಬ್ಬರೇ ಇದ್ದಾರೆ. ಕಳೆದ ವಾರ +92 ನಂಬರಿನಿಂದ ಅಪ್ಪನಿಗೆ ವಾಟ್ಸಾಪ್ ಕಾಲ್. ಡಿಪಿಯಲ್ಲಿ ಪೊಲೀಸ್ ಸಮವಸ್ತ್ರ. ‘ನಿಮ್ಮ ಮಗ ಅರೆಸ್ಟ್ ಆಗಿದ್ದಾನೆ’ ಅಂತ ಹಿಂದಿಯಲ್ಲಿ ಹೇಳಿದ್ದಾರೆ. ಆಮೇಲೆ ‘ಅಪ್ಪಾ, ಅಪ್ಪಾ’ ಅಂತ ಅಳುವ ಧ್ವನಿ. ಅದು ನನ್ನದೇ ಧ್ವನಿ ಅಂತ ಅಪ್ಪ ಈಗಲೂ ಹೇಳುತ್ತಾರೆ. ಇಲ್ಲಿ ನನಗೆ ಮಧ್ಯರಾತ್ರಿ, ಫೋನ್ ಸೈಲೆಂಟ್‌ನಲ್ಲಿತ್ತು. ಪುಣ್ಯಕ್ಕೆ ಪಕ್ಕದ ಮನೆಯವರು ಬಂದರು. ಧ್ವನಿ ಹಾಗೆ ಮಾಡಲು ಸಾಧ್ಯವಾ?

ಉತ್ತರ: ಸಾಧ್ಯ. ರೀಲ್ಸ್‌ನಲ್ಲಿ, ಮದುವೆ ವಿಡಿಯೋದಲ್ಲಿ ಇರುವ ಕೆಲವು ಸೆಕೆಂಡಿನ ಮಾತು ಸಿಕ್ಕರೂ ಧ್ವನಿಯ ನಕಲು ಮಾಡಬಹುದು. ಮುಖವನ್ನೂ ಮಾಡುತ್ತಾರೆ. 2023ರ ಜುಲೈನಲ್ಲಿ ಕೇರಳದ ಕೋಯಿಕ್ಕೋಡಿನಲ್ಲಿ ನಿವೃತ್ತರೊಬ್ಬರಿಗೆ ಹಳೆಯ ಸಹೋದ್ಯೋಗಿಯ ಮುಖದಲ್ಲೇ ವಾಟ್ಸಾಪ್ ವಿಡಿಯೋ ಕಾಲ್ ಬಂತು. ಸಂಬಂಧಿಕರ ಆಪರೇಷನ್‌ಗೆ 40 ಸಾವಿರ ಕೇಳಿದರು. ಇವರು ಕಳಿಸಿದರು. ಮತ್ತೆ 35 ಸಾವಿರ ಕೇಳಿದಾಗ ಅನುಮಾನ ಬಂದು ಆ ಸಹೋದ್ಯೋಗಿಗೆ ನೇರವಾಗಿ ಫೋನ್ ಮಾಡಿದರು. ಅವರಿಗೆ ಏನೂ ಗೊತ್ತೇ ಇರಲಿಲ್ಲ. 1930ಕ್ಕೆ ದೂರು ಹೋಯಿತು. ಪೊಲೀಸರು ಮಹಾರಾಷ್ಟ್ರದ ಒಂದು ಬ್ಯಾಂಕ್ ಖಾತೆಯಲ್ಲಿ ಹಣ ಪತ್ತೆ ಮಾಡಿ ವಾಪಸ್ ಕೊಡಿಸಿದರು. ಮೋಸ ಗೊತ್ತಾದದ್ದೂ, ಹಣ ಉಳಿದದ್ದೂ ಫೋನ್ ಕಾಲ್‌ನಿಂದಲೇ, ನೋಡಿ.

ನಿಮ್ಮ ಅಪ್ಪನ ವಿಷಯದಲ್ಲಿ ಇನ್ನೂ ಒಂದು ಇದೆ. ಎದೆ ಡವಡವ ಅನ್ನುವಾಗ ಯಾವ ಹುಡುಗನ ಅಳು ಕೇಳಿದರೂ ನಮ್ಮ ಮಗನದೇ ಅನ್ನಿಸುತ್ತದೆ. ಅದಕ್ಕೇ ಆ ಧ್ವನಿಗೆ ‘ಅಪ್ಪಾ’ ಬಿಟ್ಟು ಜಾಸ್ತಿ ಮಾತು ಕೊಡುವುದಿಲ್ಲ. ಉಳಿದದ್ದನ್ನು ‘ಪೊಲೀಸ್’ ಮಾತಾಡುತ್ತಾನೆ. ಅಪ್ಪನಿಗೆ ದಯವಿಟ್ಟು ‘ನಿಮಗೆ ಕಿವಿ ಕೇಳಿಸಲಿಲ್ವಾ’ ಅನ್ನಬೇಡಿ.

ನಮ್ಮ ಪೊಲೀಸರು ನಿಜವಾಗಿ ಬಂಧಿಸಿದರೆ ಮನೆಯವರಿಗೆ ತಿಳಿಸಲೇಬೇಕು ಅಂತ ಕಾನೂನು ಇದೆ. ಆದ್ದರಿಂದ ಪೊಲೀಸ್ ಫೋನ್ ಬರುವುದೇ ಇಲ್ಲ ಅಂತಲ್ಲ. ಆದರೆ ನಿಜವಾದ ಫೋನಿನಲ್ಲಿ ಎಲ್ಲಿ ಇಟ್ಟಿದ್ದೇವೆ ಅಂತ ಹೇಳುತ್ತಾರೆ. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸುತ್ತಾರೆ. ಯುಪಿಐಗೆ ದುಡ್ಡು ಹಾಕಿದರೆ ಬಿಡುತ್ತೇವೆ ಅನ್ನುವ ಪದ್ಧತಿ ಇಲ್ಲ. ಅಪ್ಪ ಹೇಳಬೇಕಾದದ್ದು ಇಷ್ಟೇ: ‘ಯಾವ ಠಾಣೆ? ನಾನು ಅಲ್ಲಿಗೆ ಫೋನ್ ಮಾಡುತ್ತೇನೆ.’ +92 ಪಾಕಿಸ್ತಾನದ ಕೋಡ್. ಅಲ್ಲಿಂದ ನಮ್ಮ ಪೊಲೀಸರು ಯಾಕೆ ಫೋನ್ ಮಾಡುತ್ತಾರೆ? ಆ ನಂಬರನ್ನು ಟೆಲಿಕಾಂ ಇಲಾಖೆಯ ಸಂಚಾರ್ ಸಾಥಿ ಜಾಲತಾಣದ ‘ಚಕ್ಷು’ ವಿಭಾಗದಲ್ಲಿ ದಾಖಲಿಸಿ.

ನೀವು ಮಾಡಬೇಕಾದದ್ದು ಎರಡು. ನಿಮ್ಮ ಫೋನಿನ ಸೈಲೆಂಟ್ ಸೆಟ್ಟಿಂಗಿನಲ್ಲಿ ಅಪ್ಪ ಅಮ್ಮನ ನಂಬರಿಗೆ ವಿನಾಯಿತಿ ಕೊಡಿ, ರಾತ್ರಿಯೂ ರಿಂಗ್ ಆಗಲಿ. ಇನ್ನೊಂದು, ಮನೆಗೊಂದು ಗುಟ್ಟಿನ ಮಾತು ಇಟ್ಟುಕೊಳ್ಳಿ. ಹಳೆಯ ಮನೆಯ ಹಸುವಿನ ಹೆಸರು, ಅಜ್ಜಿ ನಿಮ್ಮನ್ನು ಕರೆಯುತ್ತಿದ್ದ ಅಡ್ಡಹೆಸರು, ಹೀಗೆ. ಅದನ್ನು ವಾಟ್ಸಾಪ್‌ನಲ್ಲಿ ಟೈಪ್ ಮಾಡಬೇಡಿ. ಮುಂದಿನ ಸಲ ಊರಿಗೆ ಬಂದಾಗ ಎದುರಿಗೇ ಹೇಳಿ.

ಪ್ರಶ್ನೆ (ಮಂಗಳೂರು): ನನ್ನದು ಉಲ್ಟಾ ಕಥೆ. ನನ್ನ ವಾಟ್ಸಾಪ್‌ನಿಂದಲೇ ನನ್ನ ಎಲ್ಲಾ ಸಂಬಂಧಿಕರಿಗೆ ‘20 ಸಾವಿರ ಬೇಕು, ಸಂಜೆ ಕೊಡುತ್ತೇನೆ’ ಅಂತ ಹೋಗಿದೆ. ನನಗೆ ವಾಟ್ಸಾಪ್ ತೆರೆಯುತ್ತಿಲ್ಲ. ಬೆಳಗ್ಗೆ ಕೊರಿಯರ್‌ನವರು ಅಂತ ಒಬ್ಬರು ಏನೋ ನಂಬರ್ ಒತ್ತಲು ಹೇಳಿದ್ದರು.

ಉತ್ತರ: ಮೊದಲು ಎಲ್ಲರಿಗೂ ಮಾಮೂಲಿ ಎಸ್‌ಎಂಎಸ್ ಅಥವಾ ಫೋನ್ ಮಾಡಿ ಹೇಳಿ. ಚಿಕ್ಕಪ್ಪ, ಸೋದರತ್ತೆ, ಯಾರು ಕೇಳಿದ ಕೂಡಲೇ ಕೊಡುತ್ತಾರೋ ಅವರಿಂದ ಶುರು ಮಾಡಿ.

ಅವನು ಒತ್ತಿಸಿದ್ದು ಕಾಲ್ ಫಾರ್ವರ್ಡಿಂಗ್ ಕೋಡ್ ಇರಬೇಕು. ಸಾಮಾನ್ಯವಾಗಿ *401* ಅಥವಾ *21* ಅಂತ ಶುರುವಾಗಿ ಮುಂದೆ ಅವನ ನಂಬರ್ ಇರುತ್ತದೆ. ಒತ್ತಿದರೆ ನಿಮ್ಮ ಕರೆಗಳು ಅವನಿಗೆ ಹೋಗುತ್ತವೆ. ವಾಟ್ಸಾಪ್ ಕೋಡನ್ನು ಫೋನ್ ಕರೆಯಲ್ಲೂ ಓದಿ ಹೇಳುವ ವ್ಯವಸ್ಥೆ ಇದೆ. ಅದು ಅವನಿಗೆ ಕೇಳಿಸಿತು. ಈ ತರದ ಫಾರ್ವರ್ಡಿಂಗನ್ನು 2024ರ ಏಪ್ರಿಲ್ 15ರಿಂದ ನಿಲ್ಲಿಸಿ ಅಂತ ಟೆಲಿಕಾಂ ಇಲಾಖೆ ಕಂಪನಿಗಳಿಗೆ ಹೇಳಿತ್ತು. ಆದರೂ ನಿಮ್ಮ ಫೋನಿನಲ್ಲಿ ಈಗಲೇ ##002# ಒತ್ತಿ. ಎಲ್ಲಾ ಫಾರ್ವರ್ಡಿಂಗ್ ರದ್ದಾಗುತ್ತದೆ. ಆಮೇಲೆ ನಿಮ್ಮ ನಂಬರ್ ಹಾಕಿ ವಾಟ್ಸಾಪ್ ಮತ್ತೆ ತೆರೆಯಿರಿ. ಹೊಸ ಕೋಡ್ ಹಾಕಿದರೆ ಅವನು ತಾನಾಗಿಯೇ ಹೊರಗೆ ಬೀಳುತ್ತಾನೆ. ನೀವು ಇಡದ ಪಿನ್ ಕೇಳಿದರೆ ಅವನು ಎರಡು ಹಂತದ ಪರಿಶೀಲನೆ ಹಾಕಿದ್ದಾನೆ ಅಂತ ಅರ್ಥ. ಆಗ 7 ದಿನ ಕಾಯಬೇಕು. ಆದರೆ ಎಸ್‌ಎಂಎಸ್ ಕೋಡ್ ಹಾಕಿದಾಗಲೇ ಅವನು ಹೊರಗೆ ಹೋಗಿರುತ್ತಾನೆ. ಅದೇ ಪಿನ್ ನೀವು ಮೊದಲೇ ಇಟ್ಟಿದ್ದರೆ ಅವನಿಗೆ ಒಳಗೆ ಬರಲು ಆಗುತ್ತಿರಲಿಲ್ಲ. ಇದನ್ನು ಓದುತ್ತಿರುವ ಉಳಿದವರು ಇವತ್ತೇ ಹಾಕಿಕೊಳ್ಳಿ, ಎರಡು ನಿಮಿಷದ ಕೆಲಸ.

ಪ್ರಶ್ನೆ (ತುಮಕೂರು): ನಮ್ಮ ಅತ್ತೆಗೆ ಹೀಗಾಗಿದೆ ಅಂತ ನನಗೆ ಬಲವಾದ ಅನುಮಾನ. ಪಾಸ್‌ಬುಕ್ ತೋರಿಸುತ್ತಿಲ್ಲ. ಊಟ ಸರಿಯಾಗಿ ಮಾಡುತ್ತಿಲ್ಲ. ಕೇಳಿದರೆ ಏನಿಲ್ಲ ಅನ್ನುತ್ತಾರೆ. ಹೇಗೆ ಬಾಯಿ ಬಿಡಿಸಲಿ?

ಉತ್ತರ: ಇದಕ್ಕೆ ಬ್ಯಾಂಕಿನ ಉತ್ತರ ಇಲ್ಲ, ನಮ್ಮ ಮನೆಯ ಉತ್ತರ ಹೇಳುತ್ತೇನೆ. ನನ್ನ ಅತ್ತಿಗೆ ಶಿರಸಿಯಲ್ಲಿದ್ದಾರೆ. ಅವರ ತಮ್ಮನ ಹೆಸರಲ್ಲಿ ಮೆಸೇಜ್ ಬಂದು 28 ಸಾವಿರ ಕಳಿಸಿದ್ದರು. ಅಡಿಕೆ ಮಾರಿದ ದುಡ್ಡು. ಒಂಬತ್ತು ದಿನ ಯಾರಿಗೂ ಹೇಳಲಿಲ್ಲ. ನಾನು ವಂಚನೆ ವಿಭಾಗದಲ್ಲೇ ಕೂತಿದ್ದೆ, ನನಗೂ ಹೇಳಲಿಲ್ಲ. ಆಮೇಲೆ ಕೇಳಿದರೆ ‘ನಿಮಗೆ ಹೇಳಿದರೆ ನಗುತ್ತೀರಿ ಅನ್ನಿಸಿತು’ ಅಂದರು. ಹಿಂದೊಮ್ಮೆ ಊಟಕ್ಕೆ ಕೂತಾಗ ಇಂಥದ್ದೇ ಒಂದು ಪ್ರಕರಣ ಹೇಳಿ ‘ಹೇಗೆ ನಂಬುತ್ತಾರೋ ಜನ’ ಅಂದಿದ್ದೆ. ಅದು ಅವರ ಮನಸ್ಸಿನಲ್ಲಿ ಉಳಿದಿತ್ತು. ಒಂಬತ್ತು ದಿನದಲ್ಲಿ ಹಣ ಪೂರ್ತಿ ಹೋಗಿತ್ತು. ಆ ಒಂದು ಮಾತು ನಾನು ಆಡಬಾರದಿತ್ತು.

ಆದ್ದರಿಂದ ಅತ್ತೆಯ ಹತ್ತಿರ ಪಾಸ್‌ಬುಕ್ ಕೇಳಬೇಡಿ. ಪಕ್ಕದಲ್ಲಿ ಕೂತು, ಬೇರೆ ಯಾರಿಗೋ ಹೀಗಾಯಿತಂತೆ, ಪಾಪ, ಮಗನ ಮೇಲಿನ ಪ್ರೀತಿಗೆ ಕೊಟ್ಟರಂತೆ, ತಡವಾದರೂ ದೂರು ಕೊಡಬಹುದಂತೆ ಅನ್ನಿ. ಕಾಯಿರಿ. ಅವರು ಹೇಳಿದ ದಿನವೇ 1930ಕ್ಕೆ ನೀವೇ ಡಯಲ್ ಮಾಡಿ ಫೋನ್ ಅವರ ಕೈಗೆ ಕೊಡಿ. ಮತ್ತೆ, ಗಮನದಲ್ಲಿಡಿ: ಕಳೆದುಕೊಂಡವರನ್ನೇ ಹುಡುಕಿಕೊಂಡು ‘ನಿಮ್ಮ ಹಣ ವಾಪಸ್ ಕೊಡಿಸುತ್ತೇವೆ, ಫೀಸ್ ಕಟ್ಟಿ’ ಅಂತ ಇನ್ನೊಂದು ಫೋನ್ ಬರುತ್ತದೆ. ಗುಟ್ಟಾಗಿ ಇಟ್ಟುಕೊಂಡವರು ಅದಕ್ಕೂ ಬೀಳುತ್ತಾರೆ, ಯಾಕೆಂದರೆ ಕೇಳಲು ಅವರಿಗೆ ಯಾರೂ ಇಲ್ಲ.

ದಾವಣಗೆರೆಯಿಂದ ಮತ್ತೆ: ಸರ್, 1930ಕ್ಕೆ ಮೂರನೇ ಸಲಕ್ಕೆ ಲೈನ್ ಸಿಕ್ಕಿತು. ದೂರಿನ ನಂಬರ್ ಬಂದಿದೆ. 25 ಸಾವಿರ ಹೋಗಿದೆ, ಆದರೆ ಎರಡನೆಯದರಲ್ಲಿ 18 ಸಾವಿರ ಒಂದು ಖಾತೆಯಲ್ಲಿ ತಡೆಹಿಡಿದಿದ್ದಾರಂತೆ. ಅದು ಅಮ್ಮನ ಖಾತೆಗೆ ತಾನಾಗಿಯೇ ಬರುತ್ತದಾ? ಉಳಿದದ್ದನ್ನು ಬ್ಯಾಂಕ್ ಕೊಡುತ್ತದಾ?

ಉತ್ತರ: ಓದಿ ತುಂಬಾ ಸಮಾಧಾನವಾಯಿತು. ತಾನಾಗಿಯೇ ಬರುತ್ತದೆ ಅಂತ ಕೂರಬೇಡಿ. ಆ ದೂರಿನ ನಂಬರ್ ಹಿಡಿದು ನಿಮ್ಮ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಹೋಗಿ. ತಡೆಹಿಡಿದ ಹಣ ಬಿಡಿಸಲು ಕೋರ್ಟ್ ಆದೇಶ ಬೇಕಾಗಬಹುದು. ಹಾಗಿದ್ದರೆ ಬಿಎನ್‌ಎಸ್‌ಎಸ್ ಅನ್ನುವ ಹೊಸ ಕ್ರಿಮಿನಲ್ ಪ್ರಕ್ರಿಯೆ ಕಾನೂನಿನ 503ನೇ ಕಲಂ ಕೆಳಗೆ ಅರ್ಜಿ, ಹಿಂದೆ ಸಿಆರ್‌ಪಿಸಿ 457 ಇತ್ತಲ್ಲ, ಅದೇ. ಠಾಣೆಯಲ್ಲಿ ಕೇಳಿದರೆ ದಾರಿ ಹೇಳುತ್ತಾರೆ.

ಉಳಿದ ಹಣದ ಬಗ್ಗೆ ಸುಳ್ಳು ಭರವಸೆ ಕೊಡಲಾರೆ. ಗ್ರಾಹಕರಿಗೆ ಗೊತ್ತಿಲ್ಲದೆ ಖಾತೆಯಿಂದ ಹಣ ಹೋದರೆ 3 ಕೆಲಸದ ದಿನಗಳಲ್ಲಿ ತಿಳಿಸಿದವರಿಗೆ ರಕ್ಷಣೆ ಕೊಡುವ ನಿಯಮವನ್ನು ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಮಾಡಿದೆ. ಆದರೆ ಅಮ್ಮ ತಾವೇ ಪಿನ್ ಹಾಕಿ ಕಳಿಸಿದ್ದಾರೆ. ಅದಕ್ಕೆ ಆ ನಿಯಮ ಹಿಡಿಯುವುದು ಕಷ್ಟ. ಹಾಗಿದ್ದರೂ ಬ್ಯಾಂಕಿಗೆ ಬರಹದಲ್ಲಿ ದೂರು ಕೊಟ್ಟು ಸೀಲ್ ಹಾಕಿಸಿದ ಪ್ರತಿ ಇಟ್ಟುಕೊಳ್ಳಿ.

ಠಾಣೆಗೆ ಹೋಗುವಾಗ ಅಮ್ಮನ ಆಧಾರ್, ನಿನ್ನೆಯ ದಿನದ ಬ್ಯಾಂಕ್ ಸ್ಟೇಟ್‌ಮೆಂಟ್, ಆ ಚಾಟ್‌ನ ಪ್ರಿಂಟ್ ಒಯ್ಯಿರಿ. ತಮ್ಮನನ್ನೂ ಕರೆಸಿಕೊಳ್ಳಿ. ಅವನ ಫೋಟೋ ಬಳಸಿದ್ದಾರೆ, ಅವನ ಹೇಳಿಕೆಯೂ ಬೇಕಾಗಬಹುದು. ಮತ್ತೆ ಅಮ್ಮನಿಗೂ ಅವನ ಮುಖ ಒಮ್ಮೆ ನೋಡಿದ ಹಾಗಾಗುತ್ತದೆ.