ವೆರೋನಾದ ಕ್ರಿಸ್‌ಮಸ್ ಸಂತಿ: ತತ್ತಿನೂ ತಿನ್ನದವರಿಗೆ ಅಲ್ಲಿ ಏನೇನು ಸಿಗ್ತದ?

ತಿಲಕವಾಡಿ_3ನೇ_ಗೇಟ್:
ನಮಸ್ಕಾರ್ರಿ ಎಲ್ಲಾರಿಗೂ. ಬರೋ ಡಿಸೆಂಬರ್‌ದಾಗ ಇಟಲಿಗೆ ಹೊಂಟೇವಿ. ಮಿಲಾನ್‌ದಾಗ ತಮ್ಮನ ಮನಿ ಐತಿ. ಅಲ್ಲಿಂದ ಎರಡು-ಮೂರು ದಿನ ವೆರೋನಾಕ್ಕ ಹೋಗಿ ಕ್ರಿಸ್‌ಮಸ್ ಸಂತಿ ನೋಡೋ ವಿಚಾರ. ನಾವಿಬ್ಬರು, ಎರಡು ಮಕ್ಕಳು, ಜೋಡಿ ಅವ್ವ. ನಮಗ ಕೇಕಿನಾಗಿನ ತತ್ತಿ ನಡೀತದ, ಮಾಂಸ ನಡೆಯಂಗಿಲ್ಲ. ಅವ್ವ ತತ್ತಿನೂ ಮುಟ್ಟಂಗಿಲ್ಲ, ಮ್ಯಾಲೆ ಮೊಳಕಾಲ ನೋವು. ಯಾವ ತಾರೀಖಿಗೆ ಹೋದ್ರ ಛಲೋ? ಸಂತ್ಯಾಗ ಹಬ್ಬದ ತಿನಿಸು ಯಾವುದು ಧೈರ್ಯಾಗಿ ತಿನ್ನಬಹುದು, ಯಾವುದನ್ನ ಬಿಡಬೇಕು? ಪಾಂದೋರೊ ಅನ್ನೋ ಕೇಕ್ ಬೆಳಗಾವಿಗೆ ತರಬೇಕಂತ ಮನಸೈತಿ, ಅದು ಬಾಳಿಕಿ ಬರ್ತದೇನು? ಗೊತ್ತಿದ್ದವರು ವಿವರವಾಗಿ ಬರೀರಿ.

ಸದಾಶಿವನಗರ_ಬೆಳಗಾವಿ:
ಮೊದಲು ತಾರೀಖು. ವೆರೋನಾದಲ್ಲಿ ಒಂದಲ್ಲ, ಎರಡು ಸಂತೆ ಇವೆ; ಇದು ತಿಳಿಯದೆ ಹೋದವರು ಒಂದನ್ನೇ ನೋಡಿ ಬರುತ್ತಾರೆ. ಪಿಯಾತ್ಸಾ ದೇಯಿ ಸಿನ್ಯೋರಿ ಎಂಬ ಚೌಕದಲ್ಲಿ, ಇಟಲಿಯ ಹಳೆಯ ಕವಿ ದಾಂತೆಯ ಪ್ರತಿಮೆಯ ಸುತ್ತ, ಮರದ ಗೂಡಂಗಡಿಗಳ ಸಂತೆ ನವೆಂಬರ್‌ನಿಂದಲೇ ನಡೆದಿರುತ್ತದೆ. ಇದು ಜರ್ಮನಿಯ ನ್ಯೂರೆಂಬರ್ಗ್ ಮಾದರಿಯದು. ಇನ್ನೊಂದು ವೆರೋನಾದ್ದೇ ಹಳೆಯ ಸಾಂತಾ ಲೂಚಿಯಾ ಜಾತ್ರೆ. ಅದು ಡಿಸೆಂಬರ್ 10ರಿಂದ 13ರವರೆಗೆ ಮಾತ್ರ, ರೋಮನ್ನರ ಕಾಲದ ಬಯಲು ರಂಗಮಂದಿರ ಅರೇನಾದ ಎದುರಿಗಿರುವ ಪಿಯಾತ್ಸಾ ಬ್ರಾದಲ್ಲಿ. ಅಲ್ಲಿನ ಮಕ್ಕಳಿಗೆ ಉಡುಗೊರೆ ತರುವವಳು ಸಾಂತಾ ಲೂಚಿಯಾ ಎಂಬ ಕ್ರೈಸ್ತ ಸಂತಳು. 12ರ ರಾತ್ರಿ ಕತ್ತೆಯ ಜೊತೆ ಬರುತ್ತಾಳೆ, 13ರ ಬೆಳಿಗ್ಗೆ ಮಕ್ಕಳು ಎದ್ದು ನೋಡುತ್ತಾರೆ. ಆಕೆ ಕಣ್ಣಿನ ರಕ್ಷಕಿ. ಹಿಂದೆ ಮಕ್ಕಳಿಗೆ ಕಣ್ಣಿನ ಬೇನೆ ಹರಡಿದಾಗ ಹರಕೆ ಹೊತ್ತು ಬರಿಗಾಲಲ್ಲಿ ನಡೆದದ್ದರಿಂದ ಈ ಪದ್ಧತಿ ಶುರುವಾಯಿತೆಂದು ಅಲ್ಲಿ ಹೇಳುತ್ತಾರೆ. ನಿಮ್ಮ ಜೊತೆ ಮಕ್ಕಳಿದ್ದಾರೆ, ಹಾಗಾಗಿ 10, 11ನೇ ತಾರೀಖು ಹಿಡಿಯಿರಿ. ಎರಡೂ ಸಂತೆ ಸಿಗುತ್ತವೆ, ಗದ್ದಲವೂ ಸಹಿಸುವಷ್ಟಿರುತ್ತದೆ.

ಡಿಸೆಂಬರ್ 8ನ್ನು ಮಾತ್ರ ಬಿಟ್ಟುಬಿಡಿ. ಅದು ಇಟಲಿಗೆಲ್ಲ ರಜೆ. ಅದಕ್ಕೆ ಶನಿವಾರ, ಭಾನುವಾರ ಕೂಡಿಕೊಂಡರೆ ರೈಲಿನಲ್ಲಿ ಸೀಟಿಲ್ಲ, ಹೋಟೆಲ್ ದರ ಏರಿರುತ್ತದೆ, ಗಲ್ಲಿಗಳಲ್ಲಿ ಹೆಜ್ಜೆ ಇಡಲಾಗುವುದಿಲ್ಲ. 12ರ ಸಂಜೆ ಬ್ರಾ ಚೌಕದಲ್ಲಿ ಊರ ಜನವೇ ತುಂಬಿರುತ್ತದೆ. ಅವ್ವನವರನ್ನು ಆ ಹೊತ್ತಿಗೆ ಕರೆದೊಯ್ಯಬೇಡಿ.

ಸ್ಟೇಷನ್ನಿನಿಂದ ಬ್ರಾ ಚೌಕಕ್ಕೆ ಸುಮಾರು ಒಂದೂವರೆ ಕಿಲೋಮೀಟರ್, ಸಿಟಿ ಬಸ್ ಇದೆ. ಬ್ರಾದಿಂದ ಸಿನ್ಯೋರಿ ಚೌಕಕ್ಕೆ ವಿಯಾ ಮಾತ್ಸೀನಿ ಎಂಬ ಗಾಡಿ ಓಡಾಡದ ಬೀದಿಯಲ್ಲಿ ಹತ್ತು-ಹದಿನೈದು ನಿಮಿಷದ ನಡಿಗೆ, ಅವ್ವನವರಿಗೆ ಇನ್ನೂ ಸ್ವಲ್ಪ ಹೆಚ್ಚು. ನೆಲಕ್ಕೆ ಹಾಸುಗಲ್ಲು, ಮಂಜು ಬಿದ್ದರೆ ಜಾರುತ್ತದೆ. ತಳಕ್ಕೆ ದಪ್ಪ ರಬ್ಬರ್ ಇರುವ ಬೂಟು ಹಾಕಿಸಿ. ಬಾಡಿಗೆ ಕಾರಿನಲ್ಲಿ ಹೋಗುವ ವಿಚಾರವಿದ್ದರೆ ಬೇಡ. ಹಳೆ ಊರೊಳಗೆ ಪರವಾನಗಿ ಇಲ್ಲದ ಕಾರು ಹೊಕ್ಕರೆ ಕ್ಯಾಮೆರಾ ನಂಬರ್ ಹಿಡಿಯುತ್ತದೆ, ದಂಡದ ಚೀಟಿ ತಿಂಗಳುಗಳ ನಂತರ ಮನೆಗೆ ಬರುತ್ತದೆ.

ಹೊತ್ತು ಮುಳುಗುವುದು ಸಂಜೆ ನಾಲ್ಕೂವರೆಗೇ. ದೀಪ ನೋಡಲು ರಾತ್ರಿ ಎಂಟರ ತನಕ ಕಾಯುವ ಅಗತ್ಯವಿಲ್ಲ, ಐದಕ್ಕೆ ನೋಡಿ ಆರೂವರೆಗೆ ರೂಮು ಸೇರಬಹುದು. ಥಂಡಿ ಹೊತ್ತೇರಿದಾಗ 7-8 ಡಿಗ್ರಿ, ರಾತ್ರಿ ಸೊನ್ನೆಯ ಹತ್ತಿರ. ನಮ್ಮ ಸ್ವೆಟರ್ ಒಂದೇ ಸಾಲದು, ಒಳಗೆ ಥರ್ಮಲ್ ಬೇಕೇ ಬೇಕು.

ನವನಗರ_ಬಾಗಲಕೋಟಿ:
ತಿನ್ನೋದರ ಬಗ್ಗೆ ನಾ ಬರೀತೀನ್ರಿ. ಒಂದು ಮಾತು ಮೊದಲ ತಲ್ಯಾಗ ಇಟ್ಟುಕೊಳ್ರಿ: ಅಲ್ಲಿ "ವೆಜಿಟೇರಿಯನ್" ಅಂದ್ರ ಮಾಂಸದ ತುಂಡು ಕಾಣಂಗಿಲ್ಲ ಅಂತ ಅಷ್ಟ. ತತ್ತಿ ಇರತದ. ಭಾಳ ಕಡೆ ಸಾರು ಮಾಂಸ ಕುದಿಸಿದ್ದೇ ಇರತದ, ಚೀಸ್ ಕರುವಿನ ಜಠರದ ಹೆಪ್ಪಿನಿಂದ ಮಾಡಿದ್ದಿರತದ. ಅದಕ್ಕ ಹೆಸರು ಕೇಳಿ ಬಿಡಬ್ಯಾಡ್ರಿ, ಒಳಗ ಏನೈತಿ ಅಂತ ಕೇಳ್ರಿ.

ಅವ್ವಾರಿಗೆ ಸಂತ್ಯಾಗ ಕಣ್ಮುಚ್ಚಿ ಕೊಡಬಹುದಾದ್ದು ಕಾಲ್ದಾರ್ರೊಸ್ತೆ. ಚೆಸ್ಟ್‌ನಟ್ ಕಾಯಿಗೆ ಸೀಳು ಕೊಟ್ಟು ತೂತಿನ ಬಾಣಲಿಯೊಳಗ ಬೆಂಕಿ ಮ್ಯಾಲೆ ಸುಟ್ಟು ಕಾಗದದ ಪೊಟ್ಟಣದಾಗ ಕೊಡ್ತಾರ. ಬಿಸಿ ಇದ್ದಾಗಲೇ ಸುಲೀರಿ; ಆರಿದ ಮ್ಯಾಲೆ ಒಳಗಿನ ತೆಳು ಪೊರೆ ಅಂಟಿಕೊಂಡು ಒಗರು ಬರತದ. ಎರಡನೇದ್ದು ಕ್ರೊಕ್ಕಾಂತೆ, ಬಾದಾಮಿ ಮತ್ತ ಸಕ್ಕರಿ ಪಾಕದ ಚಿಕ್ಕಿ. ಅದರ ಬಾಜೂಕ ಬೆಳ್ಳಗ ಕಾಣೋ ಮಾಂದೊರ್ಲಾತೊ, ತೊರ್ರೊನೆ ಇರತಾವ. ನೋಡಾಕ ಜೇನು-ಬಾದಾಮಿ ಮಿಠಾಯಿ ಅನಸ್ತದ, ಆದ್ರ ಆ ಬಿಳಿ ಬಣ್ಣ ತತ್ತಿಯ ಬಿಳಿಭಾಗ ಕಡೆದಿದ್ದರಿಂದ ಬಂದದ್ದು. ಮೋಸ ಹೋಗೋದು ಇಲ್ಲೇ. ಮಕ್ಕಳು ಕೇಳೋ ಬಣ್ಣಬಣ್ಣದ ಮೆತ್ತನ್ನ ಜೆಲ್ಲಿ ಮಿಠಾಯಿನೂ ಬ್ಯಾಡ, ಅದರಾಗ ಸಾಮಾನ್ಯವಾಗಿ ಹಂದಿಯ ಜೆಲಟಿನ್ ಹಾಕಿರತಾರ.

ಪೊಲೆಂತಾ ಅಂದ್ರ ಗೋವಿನಜೋಳದ ಹಿಟ್ಟನ್ನ ನೀರಾಗ ಮುಕ್ಕಾಲು ತಾಸು ತಿರುವಿ ತಿರುವಿ ಕುದಿಸಿದ್ದು, ನಮ್ಮ ಜೋಳದ ನುಚ್ಚಿನ ಹದ. ಅಣಬಿ ಜೋಡಿ ಕೊಡ್ತಾರ, ಅವ್ವಾರಿಗೆ ಹೊಟ್ಟಿ ತುಂಬ ಊಟ ಆಗತದ. ಎರಡು ಕಡೆ ಎಚ್ಚರ ಬೇಕು. ಒಂದು, ತುಂಡು ಮಾಡಿ ಕಾವಲಿ ಮ್ಯಾಲೆ ಸುಟ್ಟ ಪೊಲೆಂತಾ ತಗೋಬ್ಯಾಡ್ರಿ, ಅದೇ ಕಾವಲಿ ಮ್ಯಾಲೆ ಸಾಸೇಜ್ ಸುಟ್ಟಿರತಾರ. ಪಾತೇಲಿಯಿಂದ ನೇರ ಬಡಿಸಿದ್ದನ್ನ ಕೇಳ್ರಿ. ಎರಡು, ಮ್ಯಾಲೆ ಚೀಸ್ ಉದುರಿಸಬ್ಯಾಡ ಅಂತ ಮೊದಲ ಹೇಳ್ರಿ. ಗ್ರಾನಾ ಪಾದಾನೊ, ಪಾರ್ಮಿಜಾನೊ ಎರಡರಾಗೂ ಪ್ರಾಣಿಯ ಹೆಪ್ಪೇ ಇರತದ.

ವೆರೋನಾದ ಹೋಟೆಲಿನಾಗ ಹಬ್ಬದ ಊಟಕ್ಕ ಪೆಅರಾ ಅಂತೊಂದು ಸಾಸ್ ಬರತದ. ಬ್ರೆಡ್ ಪುಡಿ, ಕರಿಮೆಣಸು ಹಾಕಿದ ಮೆತ್ತನ್ನ ಗೊಜ್ಜಿನಂಗ ಕಾಣತದ, ಮಾಂಸದ ಸುಳಿವೇ ಇರಂಗಿಲ್ಲ. ಆದ್ರ ಅದನ್ನ ದನದ ಎಲುಬಿನ ಮಜ್ಜೆ ಕರಗಿಸಿ, ಮಾಂಸದ ಸಾರು ಹುಯ್ದು ತಾಸುಗಟ್ಟಲೆ ಕುದಿಸ್ತಾರ. ಬ್ರೆಡ್ ಅಂತ ತಿಳಿದು ನಾಲಿಗಿಗೆ ಹಚ್ಚಬ್ಯಾಡ್ರಿ. ರಿಸೊತ್ತೊ ಅನ್ನೋ ಅಕ್ಕಿ ಅಡಗಿಗೂ ಅದೇ ಮಾತು: "ಬ್ರೋದೊ ವೆಜೆತಾಲೆ?" ಅಂತ ಕೇಳ್ರಿ, ಅಂದ್ರ ತರಕಾರಿ ಸಾರು ಹೌದೇನು ಅಂತ. ಕಾನೆದೆರ್ಲಿ ಅನ್ನೋ ಬ್ರೆಡ್ ಉಂಡಿಯೊಳಗ ತತ್ತಿ ಇದ್ದೇ ಇರತದ, ಸಾದಾ ಇದ್ರ ಹಂದಿ ಮಾಂಸನೂ. ಪಾಲಕ ಹಾಕಿದ ಹಸರು ಉಂಡಿ ನಿಮ್ಮಿಬ್ಬರಿಗೆ ನಡೀಬಹುದು, ಅವ್ವಾರಿಗೆ ಇಲ್ಲ. ಪಾಸ್ತಾದಾಗ ಒಣ ಪಾಸ್ತಾ ಸಾಮಾನ್ಯವಾಗಿ ಬರೇ ರವಾ-ನೀರು. ತಾಜಾ ಪಾಸ್ತಾಕ್ಕ ತತ್ತಿ ಹಾಕ್ತಾರ. ಪಿಜ್ಜಾ ಮಾರಿನಾರಾ ಅಂತ ಕೇಳಿದ್ರ ಟೊಮ್ಯಾಟೊ, ಬಳ್ಳೊಳ್ಳಿ, ಎಣ್ಣಿ ಅಷ್ಟ ಇರತದ, ಚೀಸೇ ಇಲ್ಲ. ಅವ್ವಾರಿಗೆ ರಾತ್ರಿ ಊಟಕ್ಕ ಅದಕ್ಕಿಂತ ಹಗುರದ ದಾರಿ ಇಲ್ಲ.

ಒಂದು ಚೀಟಿ ಮ್ಯಾಲೆ ಬರಕೊಂಡು ತೋರಿಸ್ರಿ: "ಸೆನ್ಸಾ ಕಾರ್ನೆ, ಸೆನ್ಸಾ ಪೆಶೆ, ಸೆನ್ಸಾ ಉವೋವಾ, ಸೆನ್ಸಾ ಸ್ತ್ರುತ್ತೊ". ಮಾಂಸ, ಮೀನು, ತತ್ತಿ, ಹಂದಿ ಕೊಬ್ಬು ಇಲ್ಲದ್ದು ಅಂತ. ತಮ್ಮನ ಕಡಿಂದ ಇಟಾಲಿಯನ್ ಅಕ್ಷರದಾಗ ಬರೆಸಿಕೊಂಡ್ರ ಪಾಡ. ಕೊನೀದ್ದು ಮರೀಬ್ಯಾಡ್ರಿ. ಯುರೋಪಿನ ಕಾಯ್ದೆ ಪ್ರಕಾರ ಪೊಟ್ಟಣದ ಮ್ಯಾಲೆ ತತ್ತಿ, ಹಾಲು, ಗೋಧಿ ಇಂಥ ಅಲರ್ಜಿ ಪದಾರ್ಥ ದಪ್ಪಕ್ಷರದಾಗ ಎದ್ದು ಕಾಣತಾವ. ಹಂದಿ ಕೊಬ್ಬು ಅಲರ್ಜಿ ಪಟ್ಟಿಯೊಳಗಿಲ್ಲ, ಜೆಲಟಿನ್ನೂ ಇಲ್ಲ, ಅವು ಸಣ್ಣಕ್ಷರದಾಗ ಸುಮ್ಮನ ಕೂತಿರತಾವ. ದಪ್ಪಕ್ಷರ ನೋಡಿ ಬಿಟ್ರ ತತ್ತಿ ತಪ್ಪತದ, ಕೊಬ್ಬು ಬಾಯಿಗೆ ಹೋಗತದ.

ಇಂಡಿ_ಮಣೂಕ:
ನವನಗರದವರು ಕುಡಿಯೋದನ್ನ ಬಿಟ್ಟಾರ. ಎಲ್ಲಾ ಕಡೆ ಹಬೆ ಆಡೋ ದೊಡ್ಡ ಕೊಳಗದಾಗ ಇರೋದು ವಿನ್ ಬ್ರುಲೆ: ಕೆಂಪು ವೈನಿಗೆ ದಾಲ್ಚಿನ್ನಿ, ಲವಂಗ, ಕಿತ್ತಳಿ ಸಿಪ್ಪಿ, ಸಕ್ಕರಿ ಹಾಕಿ ಕಾಸಿದ್ದು. ಬಿಸಿ ಮಾಡಿದ್ರ ಮದ್ಯ ಹಾರಿ ಹೋಗತದ ಅಂತ ಕೆಲವರು ಹೇಳ್ತಾರ, ನಂಬಬ್ಯಾಡ್ರಿ. ಕುದಿಸಿದ್ರ ಕಹಿ ಆಗತದ ಅಂತ ಸಾಮಾನ್ಯವಾಗಿ ಕುದಿಗೆ ಬಿಡಂಗಿಲ್ಲ, ಹಂಗಾಗಿ ಮದ್ಯ ಬಹುಪಾಲು ಅದರಾಗೇ ಉಳೀತದ. ಮಕ್ಕಳಿಗೆ, ಅವ್ವಾರಿಗೆ "ಸೆನ್ಸಾ ಆಲ್ಕೊಲ್", ಅಂದ್ರ ಮದ್ಯ ಇಲ್ಲದ್ದು, ಅಂತ ಕೇಳಿದ್ರ ಸೇಬಿನ ಬಿಸಿ ರಸ ಕೊಡ್ತಾರ. ಚೊಕ್ಕೊಲಾತಾ ಕಾಲ್ದಾನೂ ಆಗಬಹುದು, ಅದು ಸ್ಟಾರ್ಚ್ ಹಾಕಿ ಚಮಚಾದಲೆ ತಿನ್ನೋ ಅಷ್ಟು ಗಟ್ಟಿ ಮಾಡಿದ ಹಾಲು-ಚಾಕೊಲೇಟ್. ಪಿಂಗಾಣಿ ಕಪ್ಪಿನಾಗ ಕೊಟ್ರ ಕಪ್ಪಿನ ಠೇವಣಿ ಬ್ಯಾರೆ ಹಿಡೀತಾರ. ಕಪ್ಪು ತಿರುಗಿ ಕೊಟ್ರ ರೊಕ್ಕ ವಾಪಸ್, ಇಲ್ಲಾ ನೆನಪಿಗೆ ಮನಿಗೆ ಒಯ್ಯಬಹುದು.

ಈಗ ಪಾಂದೋರೊ. ಇದು ವೆರೋನಾದ್ದೇ, 1894ರ ಅಕ್ಟೋಬರ್ 14ಕ್ಕ ದೊಮೆನಿಕೊ ಮೆಲೆಗಾತ್ತಿ ಇದಕ್ಕ ಪೇಟೆಂಟ್ ತಗೊಂಡಿದ್ದರು. ಎಂಟು ಮೂಲಿ ನಕ್ಷತ್ರದ ಎತ್ತರದ ಅಚ್ಚು. ಪಾನೆತ್ತೋನೆ ಅನ್ನೋ ಇನ್ನೊಂದು ಕ್ರಿಸ್‌ಮಸ್ ಕೇಕ್ ಮಿಲಾನ್‌ದ್ದು, ಅದರಾಗ ಮಣೂಕ ಮತ್ತ ಸಕ್ಕರಿ ಪಾಕದ ಹಣ್ಣಿನ ಸಿಪ್ಪಿ. ಇಟಲಿಯ 2005ರ ಆದೇಶದ ಪ್ರಕಾರ ಪಾಂದೋರೊದಾಗ ಬೆಣ್ಣಿ ಕಮ್ಮಿ ಅಂದ್ರ ಶೇ. 20, ಪಾನೆತ್ತೋನೆದಾಗ ಬೆಣ್ಣಿ ಶೇ. 16, ಹಣ್ಣು ಶೇ. 20 ಇರಲೇಬೇಕು. ಎರಡರಾಗೂ ತತ್ತಿಯ ಹಳದಿ ಶೇ. 4. ಅಂದ್ರ ತತ್ತಿ ಇಲ್ಲದ ಅಸಲಿ ಪಾಂದೋರೊ ಕಾಯ್ದೆ ಪ್ರಕಾರ ಇಲ್ಲವೇ ಇಲ್ಲ. ಅವ್ವಾರಿಗೆ ಬೇಕಂದ್ರ "ವೆಗಾನೊ" (ತತ್ತಿ, ಹಾಲು ಯಾವುದೂ ಇಲ್ಲದ್ದು) ಅಂತ ಬರೆದದ್ದನ್ನ ದೊಡ್ಡ ಸೂಪರ್‌ಮಾರ್ಕೆಟ್ಟಿನಾಗ ಹುಡುಕ್ರಿ. ಇನ್ನೊಂದು, ಹೆಸರಿನ ಜಾಗಾದಾಗ ಬರೇ "ದೋಲ್ಚೆ ದಿ ನಾತಾಲೆ" (ಕ್ರಿಸ್‌ಮಸ್ ಸಿಹಿ) ಅಂತಿದ್ರ ಅದು ಈ ಅಳತಿಗೆ ಬರಲಾರದ್ದು, ಬೆಣ್ಣಿ ಬದಲಿ ಮಾರ್ಗರಿನ್ ಇರಬಹುದು. ಪದಾರ್ಥದ ಪಟ್ಟಿಯೊಳಗ "ಬುರ್ರೊ" ನೋಡ್ರಿ, ಅದೇ ಬೆಣ್ಣಿ.

ಬಾಳಿಕಿ ಕೇಳಿದ್ರಿ. ಕಾರ್ಖಾನಿಯದು ತಿಂಗಳುಗಟ್ಟಲೆ ಇರತದ, ಬೇಕರಿಯೊಳಗ ಕೈಲೆ ಮಾಡಿದ್ದು ಸುಮಾರು ಒಂದು ತಿಂಗಳು. ಊರಿಗೆ ತರಾಕ ಕಾರ್ಖಾನಿಯದೇ ಇರಲಿ, ಕೈಲೆ ಮಾಡಿದ್ದನ್ನ ಅಲ್ಲೇ ತಿನ್ರಿ, ರುಚಿಯ ಅಂತರ ಭಾಳ ಐತಿ. ಸೂಟ್‌ಕೇಸಿನಾಗ ಇಡಬ್ಯಾಡ್ರಿ: ಒಮ್ಮೆ ಅಮುಕಿದ್ರ ಒಳಗಿನ ಗಾಳಿಗೂಡು ಒಡದು ಹಿಟ್ಟಿನ ಮುದ್ದಿ ಆಗತದ, ತಿರುಗಿ ಏಳಂಗಿಲ್ಲ. ರಟ್ಟಿನ ಡಬ್ಬಿ ಸಮೇತ ಕೈಯಾಗ ಹಿಡಕೊಂಡು ವಿಮಾನ ಹತ್ರಿ.

ತಿನ್ನೋ ರೀತಿನೂ ಕೇಳ್ರಿ. ತಿನ್ನೋ ಅರ್ಧ ತಾಸು ಮೊದಲ ಬೆಚ್ಚನ ಜಾಗಾದಾಗ ಇಡ್ರಿ, ಬೆಣ್ಣಿ ಮೆತ್ತಗಾಗಿ ಘಮ ಬಿಡತದ. ಜೋಡಿ ಬಂದ ಸಕ್ಕರಿ ಪುಡಿಯನ್ನ ಪ್ಲಾಸ್ಟಿಕ್ ಚೀಲದಾಗ ಹಾಕಿ, ಬಾಯಿ ಹಿಡದು ಜಾಡಿಸ್ರಿ. ಇದು ತಿನ್ನೋ ಹೊತ್ತಿಗೇ ಆಗಬೇಕು. ರಾತ್ರಿಯೇ ಹಾಕಿಟ್ರ ಸಕ್ಕರಿ ನೀರು ಹೀರಿ ಮೈಯೆಲ್ಲಾ ಅಂಟಂಟು ಆಗತದ. ಅಡ್ಡಕ್ಕ ಹೋಳು ಮಾಡಿದ್ರ ಒಂದೊಂದು ಹೋಳೂ ನಕ್ಷತ್ರ. ಒಂದರ ಮ್ಯಾಲೊಂದು ಮೂಲಿ ತಪ್ಪಿಸಿ ಇಟ್ರ ಗಿಡದ ಆಕಾರ, ಮಕ್ಕಳಿಗೆ ಖುಷಿ. ನಡುವ ಮಾಸ್ಕರ್ಪೋನೆ ಅನ್ನೋ ಬೆಣ್ಣಿಯಂಥ ಮೆತ್ತನ್ನ ಚೀಸ್ ಹಚ್ಚಬಹುದು. ಅದನ್ನ ಕೆನಿಗೆ ಹುಳಿ ಹಾಕಿ ಒಡಸ್ತಾರ, ಪ್ರಾಣಿಯ ಹೆಪ್ಪು ಬೇಕಾಗಂಗಿಲ್ಲ.

ತಿಲಕವಾಡಿ_3ನೇ_ಗೇಟ್:
ಇಷ್ಟು ವಿವರಕ್ಕ ಎಲ್ಲಾರಿಗೂ ಧನ್ಯವಾದ್ರಿ. ಪೆಅರಾ ಸಂಗತಿ ಗೊತ್ತೇ ಇರಲಿಲ್ಲ. ಇನ್ನೆರಡು ಪ್ರಶ್ನೆ. ತಮ್ಮನಿಗೆ ಕುಂದಾ, ಮನಿ ತುಪ್ಪ ಒಯ್ಯಬಹುದೇನು? ಮತ್ತ ಒಂದಿನ ಉತ್ತರದ ಗುಡ್ಡದ ಕಡೆ ಇರೋ ಬೊಲ್ಜಾನೊ ಊರಿನ ಸಂತಿಗೆ ಹೋಗಿ ಬರೋದು ಆಗತದೇನು?

ಖಾನಾಪುರ_ರೋಡ್:
ಕುಂದಾ ಬ್ಯಾಡ, ತುಪ್ಪನೂ ಬ್ಯಾಡ. ಯುರೋಪ್ ಒಕ್ಕೂಟದ ಹೊರಗಿನಿಂದ ಬರೋ ಪ್ರಯಾಣಿಕರು ಹಾಲಿನ ಪದಾರ್ಥ, ಮಾಂಸ ಒಯ್ಯುವಂಗಿಲ್ಲ, ಸ್ವಂತಕ್ಕ ಆದರೂ ಇಲ್ಲ. ತಪಾಸಣೆಯೊಳಗ ಸಿಕ್ರ ತಗದು ಒಗೀತಾರ, ದಂಡನೂ ಬೀಳಬಹುದು. ಪೇಡಾ, ಪನೀರಿಗೂ ಇದೇ. ಹಸಿ ಕರಿಬೇವು, ಹಸಿ ಮೆಣಸಿನಕಾಯಿ, ನಿಂಬಿಕಾಯಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ಪ್ರಮಾಣಪತ್ರ ಇಲ್ಲದ ನಡಿಯೋ ಹಣ್ಣು ಐದೇ: ಬಾಳಿಹಣ್ಣು, ತೆಂಗಿನಕಾಯಿ, ಖರ್ಜೂರ, ಅನಾನಸ್, ಡುರಿಯನ್. ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅವಲಕ್ಕಿ, ಅಮೀನಗಡದ ಕರದಂಟು ಒಯ್ರಿ, ಇವು ಆ ನಿಷೇಧದಾಗ ಬರಂಗಿಲ್ಲ. ಉಪ್ಪಿನಕಾಯಿ ಎಣ್ಣಿ ಇರೋದರಿಂದ ಕೈಚೀಲದಾಗ ಬ್ಯಾಡ, ಲಗೇಜಿಗೆ ಹಾಕ್ರಿ.

ಅವ್ವಾರ ಸಲುವಾಗಿ ಸಣ್ಣ ಕರೆಂಟ್ ಕುಕ್ಕರ್ ಒಯ್ಯೋದಾದ್ರ ವೋಲ್ಟೇಜ್ ನಮ್ಮದೇ, 230. ಆದ್ರ ನಮ್ಮ ದಪ್ಪ ಮೂರು ಪಿನ್ನು ಅಲ್ಲಿನ ಗೋಡಿಗೆ ಕೂಡಂಗಿಲ್ಲ. ಮೊಬೈಲಿನ ಸಣ್ಣ ಅಡಾಪ್ಟರ್ ಕುಕ್ಕರಿಗೆ ಹಾಕಿದ್ರ ಕಾದು ಕರಗತದ. 10 ಆಂಪಿಯರ್ ತಡಿಯೋದು ಬೇಕು, ಕುಕ್ಕರ್ ಎಷ್ಟು ವ್ಯಾಟ್ ಅಂತ ನೋಡಿಕೊಂಡು ಖರೀದಿ ಮಾಡ್ರಿ. ರೂಮಿನಾಗ ಅಡಗಿಗೆ ಬಿಡ್ತಾರೋ ಇಲ್ಲೋ ಮೊದಲ ಕೇಳ್ರಿ. ಅಡಗಿಮನಿ ಇರೋ ಅಪಾರ್ಟ್‌ಮೆಂಟ್ ಹಿಡದ್ರ ಈ ತ್ರಾಸೇ ಇಲ್ಲ.

ಸದಾಶಿವನಗರ_ಬೆಳಗಾವಿ:
ಬೊಲ್ಜಾನೊ ಒಂದು ದಿನದಲ್ಲಿ ಆಗುತ್ತದೆ. ವೆರೋನಾ ಪೋರ್ತಾ ನುವೋವಾ ಸ್ಟೇಷನ್ನಿನಿಂದ ವೇಗದ ರೈಲಿಗೆ ಒಂದೂವರೆ ತಾಸು, ಪ್ಯಾಸೆಂಜರ್ ರೈಲಿಗೆ ಅದಕ್ಕಿಂತ ಹೆಚ್ಚು ಹೊತ್ತು. ಸಂತೆ ವಾಲ್ಥರ್ ಚೌಕದಲ್ಲಿ, ಸ್ಟೇಷನ್ನಿನಿಂದ ಐದು ನಿಮಿಷ, ನೆಲವೂ ಸಮ. ಅವ್ವನವರಿಗೆ ನಿಜ ಹೇಳಬೇಕೆಂದರೆ ವೆರೋನಾಕ್ಕಿಂತ ಇದೇ ಸಲೀಸು. ಆ ಸೀಮೆ ಸೇಬಿನ ನಾಡು, ಬಿಸಿ ಸೇಬಿನ ರಸ ಅಲ್ಲಿಯೇ ಕುಡಿಯಬೇಕು. ಸ್ಟ್ರೂಡೆಲ್ ಎಂಬ, ಸೇಬು ತುಂಬಿ ಸುತ್ತಿ ಬೇಯಿಸಿದ ಸಿಹಿ ತಿನ್ನುವ ಮುಂಚೆ ಮೇಲೆ ತತ್ತಿ ಬಳಿದಿದ್ದಾರೇನು ಕೇಳಿ, ಹೊಳಪಿಗೆ ಬಳಿಯುವ ರೂಢಿ ಇದೆ. ಥಂಡಿ ವೆರೋನಾಕ್ಕಿಂತ ಜಾಸ್ತಿ.

ಪ್ಯಾಸೆಂಜರ್ ರೈಲಿನ ಟಿಕೆಟ್ ಮೊದಲೇ ತೆಗೆಯಬೇಕಾಗಿಲ್ಲ, ದರ ಬದಲಾಗುವುದಿಲ್ಲ. ವೇಗದ ರೈಲಿನದು ಮಾತ್ರ ಮುಂಚೆ ತೆಗೆದಷ್ಟೂ ಅಗ್ಗ. ಪ್ಯಾಸೆಂಜರಿನ ಕಾಗದದ ಟಿಕೆಟ್ಟನ್ನು ಹತ್ತುವ ಮುಂಚೆ ಪ್ಲಾಟ್‌ಫಾರ್ಮಿನ ಸಣ್ಣ ಯಂತ್ರದಲ್ಲಿ ತೂರಿಸಿ ಮುದ್ರೆ ಒತ್ತಿಸಿ. ಮೊಬೈಲಿನಲ್ಲಿ ತೆಗೆದದ್ದಾದರೆ ಚೆಕ್-ಇನ್ ಗುಂಡಿ ಒತ್ತಿ. ಇದನ್ನು ಬಿಟ್ಟರೆ ಟಿಕೆಟ್ ಕೈಯಲ್ಲಿದ್ದರೂ ದಂಡ ಹಾಕುತ್ತಾರೆ, ಐದು ಮಂದಿಗೆ ಐದು ದಂಡ.