ಎರಕದ ಗುಂಡು ಸುಕ್ಕುಗಟ್ಟುತ್ತಿದೆ, ಪಾತ್ರೆಯಲ್ಲಿ ಗಂಜಿ ತೇಲುತ್ತಿದೆ

ಕೇಪಿನಕೋವಿ (ಆಸ್ಟಿನ್ ಹತ್ತಿರ, ಟೆಕ್ಸಾಸ್)

ಎಲ್ಲರಿಗೂ ನಮಸ್ಕಾರ. ನನ್ನ ಊರು ಕೊಪ್ಪದ ಕಡೆ. ನಮ್ಮ ಅಜ್ಜಯ್ಯ ಕೇಪಿನ ಕೋವಿಗೆ ಬೇಕಾದ ಗುಂಡನ್ನು ಬಚ್ಚಲೊಲೆಯ ಕೆಂಡದಲ್ಲೇ ಎರಕ ಹೊಯ್ದುಕೊಳ್ಳುತ್ತಿದ್ದರು. ಒಂದು ಕಬ್ಬಿಣದ ಸೌಟು, ಇಕ್ಕಳದಂಥ ಒಂದು ಅಚ್ಚು, ಅಷ್ಟೇ. ನನ್ನ ಗ್ಯಾರೇಜಿನಲ್ಲಿ 20 ಪೌಂಡ್ ಸೀಸ ಹಿಡಿಯುವ ಕರೆಂಟಿನ ಪಾತ್ರೆ ಇದೆ, ಒಂದು ಸಲಕ್ಕೆ ಎರಡು ಗುಂಡು ಬರುವ ಹೊಸ ಕಬ್ಬಿಣದ ಅಚ್ಚಿದೆ, ಮೇಲಿಂದ ಯೂಟ್ಯೂಬ್ ಇದೆ. ಅಜ್ಜಯ್ಯನ ಗುಂಡು ನೇರಳೆ ಹಣ್ಣಿನ ಹಾಗೆ ನುಣ್ಣಗಿರುತ್ತಿತ್ತು. ನನ್ನದು ಒಣದ್ರಾಕ್ಷಿ.

ಹೊಯ್ಯುತ್ತಿರುವುದು .38 ಸ್ಪೆಷಲ್ ರಿವಾಲ್ವರಿಗೆ, 158 ಗ್ರೇನ್ (ಸುಮಾರು ಹತ್ತು ಗ್ರಾಂ) ತೂಕದ ಗುಂಡು. ಟೈರ್ ಅಂಗಡಿಯವನು ಒಂದು ಬಕೆಟ್ ಹಳೇ ವೀಲ್ ವೇಟ್, ಅಂದರೆ ಚಕ್ರ ಅದುರದ ಹಾಗೆ ರಿಮ್ಮಿಗೆ ಹಾಕುವ ಸಣ್ಣ ತೂಕಗಳನ್ನು ಕೊಟ್ಟಿದ್ದ. ಕ್ಲಿಪ್ ಇರುವುದು, ಅಂಟಿಸುವುದು ಎಲ್ಲವನ್ನೂ ಒಟ್ಟಿಗೇ ಸುರಿದು, ಬೇಗ ಕರಗಲಿ ಅಂತ ಬಿಸಿಯ ಗುಂಡಿಯನ್ನು ಕೊನೆವರೆಗೂ ತಿರುಗಿಸಿಟ್ಟೆ. ಮೇಲೆ ಬೂದು ಬಣ್ಣದ ಗಂಜಿಯಂಥದ್ದು ಕಟ್ಟಿತು. ಕಸ ಅಂದುಕೊಂಡು ತೆಗೆದುಹಾಕಿದೆ, ಮತ್ತೆ ಕಟ್ಟಿತು. ಮೊದಲ ಅರುವತ್ತು ಗುಂಡಿಗೂ ಮೈಯೆಲ್ಲ ಸುಕ್ಕು, ಅಂಚು ಮೊಂಡು. ಆವತ್ತು ಬೆಳಿಗ್ಗೆ ಗ್ಯಾರೇಜಿನಲ್ಲಿ ಒಳ್ಳೆ ಚಳಿಯಿತ್ತು, ಅದೂ ಕಾರಣವಿರಬಹುದಾ?

ಇನ್ನೊಂದು ವಿಷಯ. ಮನೆಯಲ್ಲಿ ಮೂರು ವರ್ಷದ ಮಗಳಿದ್ದಾಳೆ. ಗ್ಯಾರೇಜ್ ಬಾಗಿಲು ತೆರೆದರೆ ಸಾಕು, ಓಡಿ ಬರುತ್ತಾಳೆ. ಹೆಂಡತಿ ಒಂದೇ ಮಾತು ಕೇಳಿದಳು, 'ಇದು ಸೀಸ ಅಲ್ವಾ?' ನನ್ನ ಹತ್ತಿರ ಉತ್ತರ ಇರಲಿಲ್ಲ.

ಹಳೇಬಾಣಲೆ (ಒಹಾಯೋ)

ನಿಮ್ಮದು ಎರಡು ಬೇರೆ ಬೇರೆ ರೋಗ, ಒಂದೇ ಕಷಾಯ ಕುಡಿಸಬೇಡಿ.

ಸುಕ್ಕು ಬಂದದ್ದು ಅಚ್ಚಿನಿಂದ. ಹೊಸ ಅಚ್ಚಿಗೆ ಕಾರ್ಖಾನೆಯಲ್ಲಿ ತುಕ್ಕು ಹಿಡಿಯದ ಹಾಗೆ ಎಣ್ಣೆ ಸವರಿರುತ್ತಾರೆ. ಪಾತ್ರೆ ತೊಳೆಯುವ ಸೋಪು, ಹಳೇ ಟೂತ್ ಬ್ರಷ್ ಹಿಡಿದು ಬಿಸಿನೀರಿನಲ್ಲಿ ಉಜ್ಜಿ ಉಜ್ಜಿ ತೊಳೆಯಿರಿ. ಪೂರ್ತಿ ಒಣಗಿದ ಮೇಲೆ ಒಂದು ಹಾಟ್ ಪ್ಲೇಟ್ ಮೇಲಿಟ್ಟು ಕಾಯಿಸಿ. ಕಾಯದ ಕಾವಲಿ ಮೇಲೆ ದೋಸೆ ಹುಯ್ದರೆ ಏನಾಗುತ್ತದೋ ತಣ್ಣನೆ ಅಚ್ಚಿಗೆ ಸೀಸ ಬಿಟ್ಟರೂ ಅದೇ. ಮೊದಲ ಹತ್ತಿಪ್ಪತ್ತು ಗುಂಡು ಹೇಗೂ ವಾಪಸ್ ಪಾತ್ರೆಗೇ, ಅದಕ್ಕೆ ಬೇಸರ ಬೇಡ. ಅಚ್ಚು ಜಾಸ್ತಿ ಕಾದರೆ ಗುಂಡಿನ ಮೇಲೆ ಇಬ್ಬನಿ ಕೂತ ಹಾಗೆ ಮಂಜು ಮಂಜಾಗುತ್ತದೆ. ಅದು ನೋಟಕ್ಕಷ್ಟೇ ಕೆಟ್ಟದ್ದು, ಅಂಚು ಚೂಪಾಗಿ ತುಂಬಿದ್ದರೆ ಧಾರಾಳವಾಗಿ ಹಾರುತ್ತದೆ. ಸುಕ್ಕಿಗಿಂತ ಮಂಜು ಮೇಲು.

ಗಂಜಿ ಮಾತ್ರ ಸತು. ನನಗೆ ಅನುಮಾನವೇ ಇಲ್ಲ. ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ಗೆ, ಸತು ಸುಮಾರು 420ಕ್ಕೆ. ನಡುವೆ ತೊಂಬತ್ತು ಡಿಗ್ರಿ ಜಾಗ ಇತ್ತು, ನೀವು ಗುಂಡಿ ತಿರುಗಿಸಿ ಅದನ್ನು ದಾಟಿಬಿಟ್ಟಿರಿ. ಥರ್ಮಾಮೀಟರ್ ಇಟ್ಟುಕೊಂಡು 370 ಮೀರದ ಹಾಗೆ ನಿಧಾನ ಕರಗಿಸಿದ್ದರೆ ಸತುವಿನ ತೂಕಗಳು, ಕಬ್ಬಿಣದ ಕ್ಲಿಪ್ಪುಗಳು ಎಲ್ಲ ಹಾಗೇ ಮೇಲೆ ತೇಲುತ್ತಿದ್ದವು. ತೂತಿನ ಸೌಟಿನಲ್ಲಿ ಪೂರಿ ಎತ್ತಿದ ಹಾಗೆ ಎತ್ತಿಬಿಡಬಹುದಿತ್ತು. ಕ್ಯಾಲಿಫೋರ್ನಿಯಾದಲ್ಲಿ 2010ರಿಂದ ಸೀಸದ ವೀಲ್ ವೇಟ್‌ಗೆ ನಿಷೇಧವಿದೆ, ಬೇರೆ ಕೆಲವು ರಾಜ್ಯಗಳೂ ಆ ದಾರಿ ಹಿಡಿದಿವೆ. ಹಾಗಾಗಿ ಈಗಿನ ಬಕೆಟ್ಟುಗಳಲ್ಲಿ ಸತುವೂ ಕಬ್ಬಿಣವೂ ಬಹಳ. ಕರಗಿಸುವ ಮೊದಲೇ ಕೂತು ಆರಿಸಬೇಕು, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ಕೆಲವದರ ಮೇಲೆ ಸತುವಿನ ಗುರುತು ಒತ್ತಿರುತ್ತಾರೆ. ಇಲ್ಲದಿದ್ದರೆ ಕಟಿಂಗ್ ಪ್ಲೇಯರ್‌ನಲ್ಲಿ ಕಚ್ಚಿಸಿ ನೋಡಿ. ಸೀಸವಾದರೆ ಬೆಲ್ಲದ ಹಾಗೆ ಕಚ್ಚುತ್ತದೆ, ಸತು ಜಗ್ಗುವುದಿಲ್ಲ.

ಬೆರೆತುಹೋದದ್ದನ್ನು ಬೇರ್ಪಡಿಸುವ ಉಪಾಯಗಳನ್ನು ಬೇಕಾದಷ್ಟು ಜನ ಹೇಳುತ್ತಾರೆ. ನಾನು ಒಂದು ಭಾನುವಾರ ಪೂರ್ತಿ ಅದಕ್ಕೆ ಸುಟ್ಟಿದ್ದೇನೆ. ಬೇಡ, ಆ ಪಾಕವನ್ನು ಗಟ್ಟಿ ಹೊಯ್ದು, ಗುರುತು ಹಾಕಿ ಪಕ್ಕಕ್ಕಿಡಿ.

ಕೊನೆಯದಾಗಿ ನೀರು. ಕಾದ ಎಣ್ಣೆಗೆ ಒಂದು ಹನಿ ನೀರು ಬಿದ್ದರೇನಾಗುತ್ತದೆ ಗೊತ್ತಲ್ಲ? ಸೀಸದಲ್ಲಿ ಹಾಗಾದರೆ ಇಡೀ ಪಾತ್ರೆಯೇ ಚಾವಣಿಗೆ ಹಾರುತ್ತದೆ. ಹೊರಗಿಟ್ಟಿದ್ದ ಗಟ್ಟಿಯನ್ನು ಕರಗಿದ ಸೀಸಕ್ಕೆ ಹಾಗೇ ಹಾಕಬೇಡಿ. ಮುಖಕ್ಕೆ ಕವಚ, ಉದ್ದ ತೋಳಿನ ಅಂಗಿ, ಬೂಟು. ಚಪ್ಪಲಿಯಲ್ಲಿ ಎರಕ ಹೊಯ್ದವನ ಕಾಲಿನ ಕಲೆ ಬೇಕಾದರೆ ಫೋಟೋ ಹಾಕುತ್ತೇನೆ. ಕಾಲು ನನ್ನದೇ.

ಕಲಾಯಿಮನೆ (ನ್ಯೂಜೆರ್ಸಿ)

ಹಳೇಬಾಣಲೆ ಅಣ್ಣ ತವರದ ವಿಷಯ ಬಿಟ್ಟರು. ನಮ್ಮ ತಾತ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುತ್ತಿದ್ದವರು. ಕಾದ ಪಾತ್ರೆಗೆ ತವರದ ಕಡ್ಡಿ ಮುಟ್ಟಿಸಿ, ನವಸಾಗರದ ಪುಡಿ ಹಾಕಿ, ಅರಳೆಯಲ್ಲಿ ಒಂದು ಸುತ್ತು ಒರೆಸಿದರೆ ಕನ್ನಡಿ! ಅದೇ ತವರವನ್ನು ನೂರಕ್ಕೆ ಎರಡು ಪಾಲು ಸೀಸಕ್ಕೆ ಬೆರೆಸಿದರೆ ಅಚ್ಚಿನ ಸಂದಿಗೊಂದಿಗೆಲ್ಲ ಹರಿಯುತ್ತದೆ. ಹಳೇ ಸಾಮಾನಿನ ಅಂಗಡಿಯಲ್ಲಿ ಪ್ಯೂಟರ್ ಲೋಟ ಸಿಕ್ಕರೆ ತನ್ನಿ, ಅದರಲ್ಲಿ ಬಹುಪಾಲು ತವರವೇ.

ಮೇಲೆ ಕಟ್ಟುವುದೆಲ್ಲ ಕಸವಲ್ಲ. ಸೀಸಕ್ಕಿಂತ ಮೊದಲು ತವರಕ್ಕೇ ಗಾಳಿ ತಗುಲಿ ಕೆನೆ ಕಟ್ಟುತ್ತದೆ. ಮೇಣದಬತ್ತಿಯ ಚೂರೋ ಒಣ ಮರದ ಹೊಟ್ಟೋ ಹಾಕಿ ಚೆನ್ನಾಗಿ ಕಲಕಿದರೆ ಅದು ವಾಪಸ್ ಒಳಗೆ ಸೇರುತ್ತದೆ. ಕಲಕದೆ ಎತ್ತಿ ಬಿಸಾಡಿದರೆ ದುಡ್ಡನ್ನೇ ಬಿಸಾಡಿದ ಹಾಗೆ. ಮೇಣ ಹೊಗೆಯಾಡಿ ಭಗ್ಗನೆ ಹತ್ತಿಕೊಳ್ಳುತ್ತದೆ, ಮೂತಿ ದೂರ ಇರಲಿ.

ಲ್ಯಾಬ್ ಅಕ್ಕ (ಮಿನೆಸೋಟಾ)

ನಾನು ಗುಂಡು ಹೊಯ್ಯುವುದಿಲ್ಲ, ನಮ್ಮ ಯಜಮಾನರು ಹೊಯ್ಯುತ್ತಾರೆ. ನನ್ನ ಕೆಲಸ ರಕ್ತಪರೀಕ್ಷೆಯ ಲ್ಯಾಬಿನಲ್ಲಿ, ಹಾಗಾಗಿ ನಿಮ್ಮ ಹೆಂಡತಿಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ.

ಗಂಡಸರೆಲ್ಲ ಹೆದರುವುದು ಹೊಗೆಗೆ. ನೀವು ಹೇಳುವ ಬಿಸಿಯಲ್ಲಿ ಸೀಸ ಆವಿಯಾಗುವುದು ತೀರಾ ಕಡಿಮೆ. ಗಾಳಿ ಆಡಬೇಕು ನಿಜ, ಆದರೆ ಮೈಗೆ ಸೇರುವುದು ಹೆಚ್ಚಾಗಿ ಕೈಯಿಂದ ಬಾಯಿಗೆ. ಅದರಲ್ಲೂ ನಾವು ಕೈಯಲ್ಲಿ ಕಲಸಿ ಉಣ್ಣುವವರು! ನೀವು ತೆಗೆದುಹಾಕಿದ ಆ ಬೂದು ಪುಡಿ, ಖಾಲಿ ತೋಟಾಗಳನ್ನು ಒಣ ಹೊಟ್ಟಿನಲ್ಲಿ ಹಾಕಿ ತಿರುಗಿಸುವ ಟಂಬ್ಲರಿನ ಧೂಳು, ಇವೆರಡು ನನಗೆ ಪಾತ್ರೆಗಿಂತ ಭಯ. ತೋಟಾದ ಬುಡದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್ ಇರುತ್ತದಲ್ಲ, ಸುಟ್ಟ ಮೇಲೆ ಅದರಲ್ಲೂ ಸೀಸವಿರುತ್ತದೆ. ನಮ್ಮ ಮನೆಯಲ್ಲಿ ಒಣ ಟಂಬ್ಲರ್ ಬಿಡಿಸಿ, ನೀರು ಮತ್ತು ಸ್ಟೀಲ್ ಕಡ್ಡಿಗಳದ್ದು ತರಿಸಿದೆ. ಧೂಳೇ ಏಳುವುದಿಲ್ಲ. ಆ ನೀರನ್ನು ಅಡುಗೆಮನೆ ಸಿಂಕಿಗೆ ಚೆಲ್ಲಲು ಬಂದಾಗ ಒಂದು ಜಗಳವಾಯಿತು, ಇರಲಿ.

ಮಕ್ಕಳ ವಿಷಯಕ್ಕೆ ಬಂದರೆ, ಇಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2021ರಲ್ಲಿ ಗಮನಿಸಬೇಕಾದ ಮಟ್ಟವನ್ನು ಡೆಸಿಲೀಟರ್ ರಕ್ತಕ್ಕೆ 5ರಿಂದ 3.5 ಮೈಕ್ರೋಗ್ರಾಂಗೆ ಇಳಿಸಿದೆ. ಅದಕ್ಕಿಂತ ಕಡಿಮೆ ಇದ್ದರೆ ಅಪಾಯವೇ ಇಲ್ಲ ಅಂತ ಅರ್ಥವಲ್ಲ. ಮಗಳಿಗೂ ನಿಮಗೂ ಒಮ್ಮೆ ಪರೀಕ್ಷೆ ಮಾಡಿಸಿ. ಬಟ್ಟೆ ಬೇರೆ ಒಗೆಯಿರಿ. ಬೂಟು ಗ್ಯಾರೇಜಿನಲ್ಲೇ ಬಿಡಿ, ಬಾಗಿಲಲ್ಲಿ ಪಾದರಕ್ಷೆ ಬಿಡುವುದನ್ನು ನಮಗೆ ಹೇಳಿಕೊಡಬೇಕಾ? ಮಗು ಏಳುವ ಮುಂಚೆ ಕೆಲಸ ಮುಗಿಸಿ, ಬಾಗಿಲಿಗೆ ಚಿಲಕ ಹಾಕಿ.

ಪೊನ್ನಂಪೇಟೆ (ಸಿಯಾಟಲ್)

ಎರಕದ ಬಗ್ಗೆ ನನ್ನದೇನಿಲ್ಲ, ಓದುತ್ತಿರುವ ಹುಡುಗರಿಗೆ ಎರಡು ಮಾತು. ಊರಲ್ಲಿ ಕೈಲ್‌ಪೊಳ್ದಿಗೆ ಕೋವಿ ಪೂಜೆ ಮಾಡಿ ತೆಂಗಿನಕಾಯಿಗೆ ಗುಂಡು ಹೊಡೆದವನು ನಾನು, ಆದರೂ ಇಲ್ಲಿ ಗ್ರೀನ್ ಕಾರ್ಡ್ ಬರುವವರೆಗೆ ಕೋವಿ ಮುಟ್ಟಲಿಲ್ಲ. ಹೆಚ್-1ಬಿಯಂಥ ವೀಸಾದಲ್ಲಿರುವವರಿಗೆ ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ ಕೋವಿಯೂ ಇಲ್ಲ, ತೋಟಾವೂ ಇಲ್ಲ. ಫೆಡರಲ್ ಕಾನೂನು. ಎರಡನೆಯದು, ಗುಂಡು ಹೊಡೆಯುವ ರೇಂಜಿಗೆ ಒಯ್ಯುವ ಚೀಲವನ್ನು ಊರಿಗೆ ಒಯ್ಯಬೇಡಿ. ಮೂಲೆಯಲ್ಲಿ ಉಳಿದ ಒಂದೇ ಒಂದು ತೋಟಾ ಬೆಂಗಳೂರು ಏರ್‌ಪೋರ್ಟಿನಲ್ಲಿ ಸಿಕ್ಕರೂ ಕೇಸು.

ಕೇಪಿನಕೋವಿ

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಬಕೆಟ್ಟಿನಲ್ಲಿ ಉಳಿದಿದ್ದನ್ನು ಆರಿಸಿದೆ. ಮೂರರಲ್ಲಿ ಒಂದು ಪಾಲು ಸತು ಮತ್ತು ಕಬ್ಬಿಣ. ಅಚ್ಚು ತೊಳೆದು, ಕಾಯಿಸಿ, ಪ್ಯೂಟರಿನ ಒಂದು ಹೂಜಿ ಮುರಿದುಹಾಕಿ ಹೊಯ್ದೆ. ನೂರರಲ್ಲಿ ಹದಿನಾಲ್ಕು ಮಾತ್ರ ವಾಪಸ್ ಪಾತ್ರೆಗೆ ಹೋದವು. ಉಳಿದವುಗಳ ಅಂಚಿನಲ್ಲಿ ಉಗುರು ಕೆರೆಯುತ್ತದೆ, ಅಷ್ಟು ಚೂಪು. ಮಗಳ ರಿಪೋರ್ಟ್ 3.5ಕ್ಕಿಂತ ಸಾಕಷ್ಟು ಕೆಳಗೇ ಬಂತು, ನನ್ನದು ಸ್ವಲ್ಪ ಮೇಲೆ. ಅಕ್ಕಾ, ಒಣ ಟಂಬ್ಲರ್ ಮಾರಿದೆ.

ಸತು ಬೆರೆತ ಪಾಕದಿಂದ ಒಂಬತ್ತು ಗಟ್ಟಿ ಹೊಯ್ದು, ತಪ್ಪಿಹೋಗದಿರಲಿ ಅಂತ ಒಂದೊಂದರ ಮೇಲೂ ಉಳಿಯಲ್ಲಿ 'ಸ' ಅಂತ ಕೆತ್ತಿದೆ. ಎಲ್ಲ ಕೆತ್ತಿ ಶೆಲ್ಫಿಗೆ ಜೋಡಿಸಿದ ಮೇಲೆ ಹೆಂಡತಿ ಕೇಳಿದಳು, 'ಸೀಸಕ್ಕೆ ಯಾವ ಅಕ್ಷರ ಹಾಕ್ತೀರಿ?'